ಎಸ್ಲಿಂಗೆನ್‌ನಲ್ಲಿ ನಮ್ಮ ಬೆಳೆ ಹಬ್ಬ

ಬೆಳೆ ಕೈಸೇರಿದ್ದಕ್ಕೆ ದೇವರಿಗೆ ವಂದನೆ ಹೇಳುವ ಬೆಳೆ ಹಬ್ಬವನ್ನು ಯಾವಾಗ ಮಾಡಬೇಕು ಎಂಬುದೇ ಜರ್ಮನಿಯ ಎಸ್ಲಿಂಗೆನ್ ಪಟ್ಟಣದಲ್ಲಿ ಕೂಡುವ ಕನ್ನಡ ಕ್ರೈಸ್ತರಾದ ನಮ್ಮೊಳಗಿನ ಮೊದಲ ಚರ್ಚೆಯಾಗಿತ್ತು. ಇಲ್ಲಿನ ಜರ್ಮನ್ ಸಭೆಗಳು ಸುಗ್ಗಿಯ ಕೃತಜ್ಞತಾರಾಧನೆಯನ್ನು ಅಕ್ಟೋಬರ್ ಮೊದಲ ಭಾನುವಾರವೇ ಮಾಡಿ ಮುಗಿಸುತ್ತವೆ. ಅದಕ್ಕೆ ಎರ್ನ್ಟೆಡಾಂಕ್ ಎನ್ನುತ್ತಾರೆ. ಬಲಿಪೀಠದ ಮುಂದೆ ಕುಂಬಳಕಾಯಿ, ಸೇಬು, ಗೋಧಿ ತೆನೆ, ನೆಕಾರ್ ನದಿಯ ದಂಡೆಯ ಇಳಿಜಾರಿನಲ್ಲಿ ಬೆಳೆದ ದ್ರಾಕ್ಷಿ, ದೊಡ್ಡದೊಂದು ರೊಟ್ಟಿ ಇಟ್ಟು ಚೆಂದವಾಗಿ ಅಲಂಕರಿಸುತ್ತಾರೆ. "ನಾವೂ ಅವರ ಜೊತೆಯಲ್ಲೇ ಮಾಡಿಬಿಟ್ಟರೆ ಆಗುವುದಿಲ್ಲವೇ?" ಎಂದು ಮಂಗಳೂರಿನ ಆಂಟಿ ಕೇಳಿದರು. ನಾನು ಒಪ್ಪಲಿಲ್ಲ. ಅಕ್ಟೋಬರ್‌ನಲ್ಲಿ ನಮ್ಮೂರು ಕೊಡಗಿನ ಸಿದ್ದಾಪುರದ ಕಡೆ ಭತ್ತ ಇನ್ನೂ ಗದ್ದೆಯಲ್ಲೇ ನಿಂತಿರುತ್ತದೆ, ಕಾಫಿ ಗಿಡದಲ್ಲಿ ಕಾಯಿ ಹಸಿರಾಗಿರುತ್ತದೆ. ಅಪ್ಪ ಅಲ್ಲಿ ಮೋಡ ನೋಡುತ್ತ ಕುಳಿತಿರುವಾಗ ನಾನಿಲ್ಲಿ ಬೆಳೆ ಕೈಸೇರಿತೆಂದು ವಂದನೆ ಹೇಳುವುದು ಹೇಗೆ? ಕೊನೆಗೆ ಜನವರಿ ಎಂದಾಯಿತು. ಭತ್ತ ಮನೆ ಸೇರಿ, ಅರೇಬಿಕಾ ಕೊಯ್ಲು ಮುಗಿಯುತ್ತ ಬಂದು, ರೊಬಸ್ಟಾ ಹಣ್ಣಾಗುವ ಕಾಲ. ಊರಿನ ನಮ್ಮ ಸಭೆಯಲ್ಲೂ ಹಬ್ಬ ಆಗಲೇ ನಡೆಯುವುದು.

ಊರಲ್ಲಿ ಆ ದಿನ ದೇವಾಲಯದ ಮೆಟ್ಟಿಲ ಮೇಲೆಯೇ ಸಂಭ್ರಮ ಶುರು. ಬಾಳೆಗೊನೆ, ಕಿತ್ತಳೆ, ಸಿಹಿಗೆಣಸು, ಕಾಲು ಕಟ್ಟಿದ ನಾಟಿ ಕೋಳಿ, ಭತ್ತದ ಕಟ್ಟು, ಯಾರದೋ ಹಿತ್ತಲಿನ ಒಂದೇ ಒಂದು ಹಲಸಿನ ಗುಜ್ಜೆ. ಆರಾಧನೆ ಮುಗಿದ ಮೇಲೆ ಏಲಂ. ಕೂಗಿ ಪಡೆದ ಗೊನೆಯನ್ನು ಅಲ್ಲಿಯೇ ಮತ್ತೆ ಸಭೆಗೆ ಕೊಟ್ಟು, ಅದೇ ಗೊನೆ ಪುನಃ ಪುನಃ ಏಲಂ ಆಗುವುದೂ ಉಂಟು. ನೋಡುವವರ ಕಣ್ಣಿಗೆ ಹಬ್ಬವೆಂದರೆ ಇದೇ. ನನಗೆ ಮಾತ್ರ ಹಬ್ಬದ ಜೀವ ಇರುವುದು ಅದಕ್ಕೂ ಮೊದಲು ನಡೆಯುವ ದೀರ್ಘ ಪ್ರಾರ್ಥನೆಯಲ್ಲಿ. ಸ್ತುತಿ, ಪಾಪದ ಅರಿಕೆ, ಕೃತಜ್ಞತೆ, ಇತರರಿಗಾಗಿ ಬೇಡುವ ವಿಜ್ಞಾಪನೆ. ಈ ನಾಲ್ಕನ್ನೂ ಸಭೆಯೆಲ್ಲ ಕೂಡಿ ಮಾಡಬೇಕು. ಇವುಗಳಲ್ಲಿ ಒಂದನ್ನು ಬಿಟ್ಟರೂ ಉಳಿಯುವುದು ಊಟ ಮತ್ತು ಏಲಂ ಅಷ್ಟೇ ಎಂಬುದು ನನ್ನ ದೃಢವಾದ ನಂಬಿಕೆ.

ಆ ನಂಬಿಕೆ ಬಲವಾದದ್ದು 2018ರಲ್ಲಿ. ಆಗ ನಾನಿನ್ನೂ ಊರಲ್ಲಿದ್ದೆ. ಆಗಸ್ಟ್ ತಿಂಗಳ ಮಳೆಗೆ ಮಡಿಕೇರಿ ಸುತ್ತಿನ ಬೆಟ್ಟಗಳು ಕುಸಿದವು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಮನೆ ಮತ್ತು ತೋಟ ಎರಡನ್ನೂ ಕಳೆದುಕೊಂಡವರು ಪರಿಹಾರ ಕೇಂದ್ರಗಳಲ್ಲಿದ್ದರು. ಈ ಸಲ ಬೆಳೆ ಹಬ್ಬ ಬೇಡ ಎಂದು ಹಲವರು ಹೇಳಿದರು. ಸಭಾಪಾಲಕರು ಹಬ್ಬ ನಿಲ್ಲಿಸಲಿಲ್ಲ. ಬೈಬಲಿನ ಪ್ರವಾದಿ ಹಬಕ್ಕೂಕನ ಮೂರನೆಯ ಅಧ್ಯಾಯದ ಕೊನೆಯ ಭಾಗವನ್ನು ಓದಿಸಿದರು. ಅಂಜೂರ ಚಿಗುರದಿದ್ದರೂ, ದ್ರಾಕ್ಷೆ ಫಲ ಕೊಡದಿದ್ದರೂ, ಹಟ್ಟಿಯಲ್ಲಿ ದನಗಳೇ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಎನ್ನುತ್ತಾನೆ ಆ ಪ್ರವಾದಿ. ಪ್ರಾರ್ಥನೆಯಲ್ಲಿ ಸ್ತುತಿ ಏಕೆ ಮೊದಲು ಬರುತ್ತದೆ ಎಂಬುದು ಅಂದು ನನಗೆ ಹೊಳೆಯಿತು. ಚೀಲಗಳನ್ನು ಎಣಿಸಿ ನೋಡಿ ಆಮೇಲೆ ದೇವರನ್ನು ಕೊಂಡಾಡುವುದಲ್ಲ. ಕಣ ಬರಿದಾಗಿದ್ದರೂ ಆತನು ದೇವರೇ.

ನಾನೀಗ ಕೆಲಸ ಮಾಡುವ ಎಸ್ಲಿಂಗೆನ್‌ಗೂ ಕೊಡಗಿಗೂ ಹಳೆಯ ನಂಟಿದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಮುಂದೆ ಕೊಡಗಿಗೆ ಬಂದು ನೆಲೆಸಿದವರು. 1855ರಲ್ಲಿ ಕೊಡಗಿನ ಕುರಿತು ಪುಸ್ತಕವನ್ನೂ ಪ್ರಕಟಿಸಿದರು. ಅವರೂ ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯರೂ ಸೇರಿ ಕಟ್ಟಿದ ನೆಲೆಯೇ ನಮ್ಮ ಕಡೆಯ ಆನಂದಪುರ. ಒಡೆಯರ ಗದ್ದೆಗಳಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದವರು ಅಲ್ಲಿ ಒಂದು ಸಭೆಯಾಗಿ ಕೂಡಿದರು. ನಮ್ಮ ಹಿರಿಯರು ಅವರ ಪೈಕಿ. ಮೋಗ್ಲಿಂಗ್ ತೀರಿಕೊಂಡದ್ದು 1881ರಲ್ಲಿ, ಇದೇ ಎಸ್ಲಿಂಗೆನ್‌ನಲ್ಲಿ. ನಮಗೆ ಭವನ ಬಿಟ್ಟುಕೊಟ್ಟ ಇಲ್ಲಿನ ಸಭೆಯ ಹಿರಿಯರಿಗೆ ಇದನ್ನು ಹೇಳಿದಾಗ ಅವರು ಬಾಡಿಗೆಯ ಮಾತೇ ಎತ್ತಲಿಲ್ಲ. ತಾವೂ ನಾಲ್ಕಾರು ಜನ ಬರುತ್ತೇವೆ ಎಂದರು.

ಇಲ್ಲಿ ನಮ್ಮ ಹಬ್ಬದ ದಿನ ಮೇಜಿನ ಮೇಲೆ ಧಾರವಾಡದ ಅಣ್ಣ, ಅತ್ತಿಗೆ ತಂದ ಬಿಳಿಜೋಳ, ತುರ್ಕಿಯವರ ಅಂಗಡಿಯ ಬದನೆಕಾಯಿ ಮತ್ತು ತೆಂಗಿನಕಾಯಿ, ಜರ್ಮನ್ ಅಜ್ಜಿಯೊಬ್ಬರು ನೆಲಮಾಳಿಗೆಯಲ್ಲಿ ಕಾಪಿಟ್ಟಿದ್ದ ಸೇಬು. ನನ್ನದು ಅಮ್ಮ ಕೊಟ್ಟು ಕಳಿಸಿದ್ದ ಕರಿಮೆಣಸು. ಅಮ್ಮ ಎಷ್ಟು ಕೇರಿದರೂ ಕಾಳುಗಳ ನಡುವೆ ಒಂದೆರಡು ಒಣಗಿದ ಗೆರೆಗಳು, ಅಂದರೆ ಮೆಣಸಿನ ಗೊಂಚಲಿನ ದಂಟುಗಳು, ಉಳಿದುಕೊಂಡಿದ್ದವು, ಕಾಳು ಉದುರಿಹೋದ ಗುರುತುಗಳೊಂದಿಗೆ. ಧಾರವಾಡದ ಅಣ್ಣನ ಮಗಳು ಅದನ್ನು ಬೆರಳಲ್ಲಿ ಹಿಡಿದು, ಮೆಣಸು ಬಳ್ಳಿಯಲ್ಲಿ ಬೆಳೆಯುತ್ತದೆ ಎಂಬುದನ್ನು ಮೊದಲ ಸಲ ಕೇಳಿದಳು.

ಸ್ತುತಿಗೆ 103ನೆಯ ಕೀರ್ತನೆ. ‘ನನ್ನ ಮನವೇ, ಯೆಹೋವನನ್ನು ಕೊಂಡಾಡು’ ಎಂದು ಒಬ್ಬರು ಶುರುಮಾಡಿದರೆ ಉಳಿದವರು ಪುಸ್ತಕ ತೆರೆಯುವ ಮೊದಲೇ ಮುಂದಿನ ಸಾಲು ಹೇಳುತ್ತಿದ್ದರು.

ಪಾಪದ ಅರಿಕೆಯನ್ನು ನಾವು ಮೂವರು ಕೂತು ಬರೆದಿದ್ದೆವು. ಹಬ್ಬದ ದಿನ ಇದೇಕೆ, ಮನಸ್ಸು ಭಾರವಾಗುತ್ತದೆ ಎಂದು ಕೆಲವರಿಗೆ ಅನ್ನಿಸಿತ್ತು. ಆದರೆ ಆ ದಿನದ ವಾಚನವೇ ಬೈಬಲಿನ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯ. ಪ್ರಥಮ ಫಲವನ್ನು ಪುಟ್ಟಿಯಲ್ಲಿಟ್ಟು ತಂದವನು ಸುಮ್ಮನೆ ಕೊಟ್ಟು ಹೋಗುವಂತಿಲ್ಲ. ತನ್ನ ಮೂಲಪುರುಷ ಅಲೆದಾಡುತ್ತಿದ್ದ ಅರಾಮ್ಯ (ಅರಾಮ್ ದೇಶದವನು), ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಪರದೇಶಿಯಾಗಿ ಕಷ್ಟಪಟ್ಟವನು ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ತನ್ನ ನಡುವೆ ಇರುವ ಪರದೇಶಿಯನ್ನೂ ಸೇರಿಸಿಕೊಂಡು ಸಂತೋಷಪಡಬೇಕು. ಇದನ್ನು ಓದಿದ ಮೇಲೆ ನಾವು ಹೇಳಲೇಬೇಕಾದದ್ದು ಎದುರಿಗೇ ಇತ್ತು. ಕೊಡಗಿನ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರು ಇರುವ ಸಾಲುಮನೆಗಳಲ್ಲಿ, ಈಗ ಅಸ್ಸಾಂ, ಬಂಗಾಳದ ಕಡೆಯಿಂದ ಬಂದ ಕುಟುಂಬಗಳಿವೆ. ಕಾಫಿ ಕೊಯ್ಯುವವರು ಅವರೇ. ಇಲ್ಲಿ ವೀಸಾ ಕಚೇರಿಯ ಸಾಲಿನಲ್ಲಿ ನಿಂತು ನಮ್ಮ ಹೆಸರನ್ನು ಸರಿಯಾಗಿ ಕರೆಯಲಿ ಎಂದು ಆಸೆಪಡುವ ನಾವು, ಅವರ ಹೆಸರು ಕೇಳುವ ಗೋಜಿಗೆ ಹೋಗುವುದಿಲ್ಲ. ನೀರಿನ ದಾರಿ ಮುಚ್ಚಿ ಬೆಟ್ಟ ಅಗೆದದ್ದು, ಕೊಯ್ದವರ ಕೂಲಿಯನ್ನು ನಾಳೆಗೆ ತಳ್ಳಿದ್ದು, ಹಿರಿಯರ ಬಿಟ್ಟಿ ದುಡಿಮೆಯ ಕಥೆಯನ್ನು ಮಕ್ಕಳಿಂದ ಮರೆಮಾಚಿದ್ದು ಎಲ್ಲವನ್ನೂ ‘ನಾವು’ ಎಂದೇ ಓದಿದೆವು. ಒಂದೊಂದು ಸಾಲಿಗೂ ಎಲ್ಲರೂ "ಕರ್ತನೇ, ನಮ್ಮನ್ನು ಕರುಣಿಸು" ಎಂದರು. ಒಬ್ಬನೇ ಕೋಣೆಯಲ್ಲಿ ಮಾಡುವ ಅರಿಕೆಯಲ್ಲಿ ಇಂಥ ಪಾಪಗಳು ನೆನಪಿಗೇ ಬರುವುದಿಲ್ಲ. ಇವು ಕೂಡಿ ಮಾಡಿದ ಪಾಪಗಳು, ಕೂಡಿಯೇ ಒಪ್ಪಿಕೊಳ್ಳಬೇಕು.

ಕೃತಜ್ಞತೆಯ ಸರದಿಯಲ್ಲಿ ಯಾರು ಬೇಕಾದರೂ ಎದ್ದು ನಿಂತು ಹೇಳಬಹುದಿತ್ತು. ಕೆಲಸ ಸಿಕ್ಕಿದ್ದು, ಹೆರಿಗೆ ಸುಸೂತ್ರವಾದದ್ದು, ಅಪ್ಪನ ಕಣ್ಣಿನ ಶಸ್ತ್ರಚಿಕಿತ್ಸೆ. ಜರ್ಮನ್ ಅಜ್ಜಿ ತಮ್ಮ ಭಾಷೆಯಲ್ಲಿ ಸೇಬಿನ ಮರಕ್ಕಾಗಿ ವಂದಿಸಿದರು. ಅನುವಾದ ಮಾಡಿ ಎಂದು ಯಾರೂ ಕೇಳಲಿಲ್ಲ.

ವಿಜ್ಞಾಪನೆಗೆ ಹೆಚ್ಚು ಹೊತ್ತು ಇಟ್ಟುಕೊಂಡಿದ್ದೆವು. ಎಲ್ಲ ಮನುಷ್ಯರಿಗಾಗಿ, ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಿರಿ ಎಂದು ಪೌಲನು ತಿಮೊಥೆಯನಿಗೆ ಬರೆದದ್ದು ನಿಜ. ಆದರೆ ‘ಲೋಕದ ಎಲ್ಲ ರೋಗಿಗಳನ್ನು ಆಶೀರ್ವದಿಸು’ ಎಂದು ಮುಗಿಸಿಬಿಟ್ಟರೆ ಯಾರ ಮುಖವೂ ಕಣ್ಣ ಮುಂದೆ ಬರುವುದಿಲ್ಲ. ಅದಕ್ಕಾಗಿ ಪ್ರತಿಯೊಬ್ಬರೂ ಊರಿನ ಒಂದು ಹೆಸರು, ಒಂದು ಕಷ್ಟ ಬರೆದ ಚೀಟಿಯನ್ನು ಸ್ಟೀಲ್ ತಟ್ಟೆಯಲ್ಲಿ ಹಾಕಿದರು. ತಟ್ಟೆ ಸುತ್ತು ಬಂದಾಗ ಬೇರೆಯವರ ಚೀಟಿ ತೆಗೆದುಕೊಂಡು ಗಟ್ಟಿಯಾಗಿ ಪ್ರಾರ್ಥಿಸಬೇಕು. ಓದಲು ಬಂದಿರುವ ಹುಡುಗನೊಬ್ಬ, "ದೇವರಿಗೆ ಎಲ್ಲವೂ ಗೊತ್ತಲ್ಲ ಅಕ್ಕಾ, ಹೆಸರು ಏಕೆ?" ಎಂದ. ಆತನಿಗೆ ಗೊತ್ತು, ನಮಗೆ ಗೊತ್ತಿಲ್ಲವಲ್ಲ, ಅದಕ್ಕೆ ಎಂದೆ. ನನಗೆ ಬಂದದ್ದು ಹುಬ್ಬಳ್ಳಿಯಲ್ಲಿ ಡಯಾಲಿಸಿಸ್‌ಗೆ ಹೋಗುವ ಒಬ್ಬ ಮಾಸ್ತರರ ಹೆಸರು. ನನ್ನ ಚೀಟಿ ಧಾರವಾಡದ ಅಣ್ಣನ ಕೈಗೆ ಹೋಯಿತು. ನಮ್ಮ ತೋಟದ ಕಡೆ ಬೆಳಿಗ್ಗೆ ಮಂಜಿನಲ್ಲಿ ಕೆಲಸಕ್ಕೆ ನಡೆದು ಹೋಗುವ ಹೆಂಗಸರ ಹೆಸರುಗಳು ಅದರಲ್ಲಿದ್ದವು, ದಾರಿಯಲ್ಲಿ ಆನೆ ನಿಂತಿರುತ್ತದೆ ಎಂಬ ಭಯವೂ ಇತ್ತು. ಬಯಲುಸೀಮೆಯ ಆ ಅಣ್ಣ ಒಂದೊಂದೇ ಹೆಸರನ್ನು ನಿಧಾನವಾಗಿ ಓದಿ, ಅವರು ಸಂಜೆ ಕ್ಷೇಮವಾಗಿ ಮನೆ ಮುಟ್ಟಲಿ ಎಂದು ಬೇಡಿಕೊಂಡರು. ಆನೆಗಳಿಗೂ ಮೇವು, ನೀರು ಸಿಗಲಿ ಎಂದು ತಾವೇ ಸೇರಿಸಿದರು. ಅದನ್ನು ನಾನು ಬರೆದಿರಲಿಲ್ಲ.

‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯನ್ನು ಅವರವರ ಭಾಷೆಯಲ್ಲೇ ಒಟ್ಟಿಗೆ ಹೇಳಿ ಆರಾಧನೆ ಮುಗಿಸಿದೆವು. ಏಲಂ ಜೋರಾಗಿಯೇ ನಡೆಯಿತು. ಮೆಣಸಿನ ಪೊಟ್ಟಣ ಮರಳಿ ಮರಳಿ ಏಲಂಗೆ ಬಂದು ಕೊನೆಗೆ ಸೇಬಿನ ಅಜ್ಜಿಯ ಪಾಲಾಯಿತು. ಬಂದ ಹಣ ಲೈನ್ ಮನೆಯ ಮಕ್ಕಳ ಪುಸ್ತಕ, ಚೀಲಗಳಿಗೆಂದು ಊರಿಗೆ ಹೋಯಿತು.

ಯಾರಿಗೆ ಯಾವ ಚೀಟಿ ಬಂತೋ ಅವರು ವರ್ಷವಿಡೀ ಆ ಹೆಸರಿಗಾಗಿ ಪ್ರಾರ್ಥಿಸಬೇಕೆಂದು ಒಪ್ಪಿಕೊಂಡಿದ್ದೇವೆ. ಮೊನ್ನೆ ಧಾರವಾಡದ ಅಣ್ಣ ಫೋನ್ ಮಾಡಿ, ಆ ಹೆಂಗಸರು ಹೇಗಿದ್ದಾರೆ, ಆನೆಗಳು ಕಾಡಿಗೆ ಹೋದವೇ ಎಂದು ವಿಚಾರಿಸಿದರು. ಅಪ್ಪನನ್ನು ಕೇಳಿ ಹೇಳುತ್ತೇನೆ ಎಂದೆ. ಹೆಂಗಸರು ಕ್ಷೇಮ, ಕಾಫಿ ಹೂ ಅರಳಿಸುವ ಹೂಮಳೆಯೂ ಬಿದ್ದಿದೆ, ಆದರೆ ಆನೆಗಳು ತೋಟದಲ್ಲೇ ಇವೆ, ಆ ತಮ್ಮನಿಗೆ ಪ್ರಾರ್ಥನೆ ನಿಲ್ಲಿಸಬೇಡ ಎಂದು ಹೇಳು ಎಂದರು ಅಪ್ಪ.