ಕಾಂಟೆಸ್ಸಾಕ್ಕೆ ಗಾಜು ಕೂರಿಸಿದ ದಿನ

ಹಳೆ ಕಾರು ರೆಡಿ ಮಾಡುತ್ತಿದ್ದೀನಿ ಅಂದರೆ ಜನ ಮೊದಲು ಇಂಜಿನ್ ಬಗ್ಗೆ ಕೇಳುತ್ತಾರೆ. ಆಮೇಲೆ ಯಾವ ಬಣ್ಣ ಹೊಡೆಸ್ತೀಯಾ ಅಂತ ಕೇಳುತ್ತಾರೆ. ರಬ್ಬರಿನ ಸುದ್ದಿ ಯಾರೂ ಎತ್ತುವುದಿಲ್ಲ. ಬಳ್ಳಾರಿಯಂಥ ಊರಲ್ಲಿ ಹಳೆ ಕಾರಿಗೆ ಕೈ ಹಾಕುವವರು ಮೊದಲು ನೋಡಬೇಕಾದದ್ದು ರಬ್ಬರನ್ನೇ ಅಂತ ನಾನು ಈಗ ಗಟ್ಟಿಯಾಗಿ ಹೇಳುತ್ತೇನೆ.

ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ನಿಂತಿರುವುದು ಹಿಂದೂಸ್ತಾನ್ ಕಾಂಟೆಸ್ಸಾ ಕ್ಲಾಸಿಕ್. ದೊಡ್ಡಪ್ಪನ ಕಾರು. ಅವರದು ಹತ್ತಿ ವ್ಯಾಪಾರ. ಆದೋನಿ, ರಾಯಚೂರು, ಗುಂತಕಲ್ಲು ಎಲ್ಲ ಇದರಲ್ಲೇ ಓಡಾಡಿದ್ದಾರೆ. ನಾವು ಹುಡುಗರು ಹಿಂದಿನ ಸೀಟಿನಲ್ಲಿ ಕೂತು ಹಂಪಿಗೆ ಹೋಗಿದ್ದೂ ಇದರಲ್ಲೇ. ಆಮೇಲೆ ವ್ಯಾಪಾರ ಇಳಿಯಿತು, ಚಿಕ್ಕ ಕಾರು ಬಂತು. ಇದು ಬೇವಿನ ಮರದ ಹತ್ತಿರ ವರ್ಷಗಟ್ಟಲೆ ನಿಂತುಬಿಟ್ಟಿತು. ಗುಜರಿಯವನು ರೇಟು ಕೇಳಿಕೊಂಡು ಬಂದಾಗ ನಾನು ಅಡ್ಡ ಬಂದೆ. "ನೀನೇ ಮಾಡ್ತೀನಿ ಅಂದ್ರ ಮಾಡಪ್ಪ, ನಾ ಬ್ಯಾಡ ಅನ್ನಂಗಿಲ್ಲ" ಅಂದರು ದೊಡ್ಡಪ್ಪ.

ಇದನ್ನು ನಮ್ಮ ದೇಶದ ಮಸಲ್ ಕಾರ್ ಅಂತ ಕರೆಯುವವರು ಬಹಳ ಜನ. ಲೆಕ್ಕಕ್ಕೆ ನೋಡಿದರೆ ಮಸಲ್ ಕಾರ್ ಅನ್ನುವುದು ದೊಡ್ಡ ಇಂಜಿನ್ನಿನ ಜೋರು ಕಾರುಗಳಿಗೆ ಅಮೆರಿಕದವರು ಇಟ್ಟ ಹೆಸರು. 1964ರ ಪಾಂಟಿಯಾಕ್ ಜಿಟಿಒಗೆ 6.4 ಲೀಟರಿನ ವಿ8 ಇಂಜಿನ್ ಇತ್ತು. ನಮ್ಮದು 1.8 ಲೀಟರಿನ, ನಾಲ್ಕೇ ಸಿಲಿಂಡರಿನ ಇಸುಜು. ಅದರ ಮೂರರಲ್ಲೊಂದು ಪಾಲೂ ಇಲ್ಲ. ಮೂಲ ಕೂಡ ಅಮೆರಿಕದ್ದಲ್ಲ, ಇಂಗ್ಲೆಂಡಿನ ವಾಕ್ಸಾಲ್ ಕಂಪನಿಯ ಕಾರಿನದು. 1984ರಿಂದ 2002ರವರೆಗೆ ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ತಯಾರಾಯಿತು. ಶುರುವಿನಲ್ಲಿ ಅಂಬಾಸಿಡರ್‌ನ 1.5 ಲೀಟರ್ ಇಂಜಿನ್ನನ್ನೇ ಹಾಕಿದ್ದರು. ಅಷ್ಟು ದೊಡ್ಡ ಮೈಗೆ ಅದು ಸಾಲುತ್ತಿರಲಿಲ್ಲ. ಇಸುಜು ಇಂಜಿನ್, ಐದು ಗೇರು ಬಂದ ಮೇಲೆಯೇ ಕಾರಿಗೆ ಜೀವ ಬಂದದ್ದು. ಆದರೂ ಆ ಉದ್ದನೆ ಬಾನೆಟ್ಟು, ನಾಲ್ಕು ದುಂಡು ಹೆಡ್‌ಲೈಟು, ಹಿಂದಿನ ಚಕ್ರದ ಮೇಲೆ ಉಬ್ಬಿ ಬರುವ ತಗಡು ನೋಡಿದರೆ ಆ ಹೆಸರು ಯಾಕೆ ಬಂತು ಅಂತ ಗೊತ್ತಾಗುತ್ತದೆ. ಎದುರಿಗೆ ಬಂದರೆ ದಾರಿ ಬಿಡಬೇಕು ಅನ್ನಿಸುವ ಕಾರು ಅದು.

ಈಗ ಬಿಸಿಲಿನ ವಿಷಯ. ಕರಾವಳಿಯಲ್ಲಿ ಇಷ್ಟು ವರ್ಷ ಬಯಲಲ್ಲಿ ನಿಂತಿದ್ದರೆ ಈ ಕಾರು ಪುಡಿಯಾಗಿ ಹೋಗುತ್ತಿತ್ತು. ಅಲ್ಲಿನ ಗಾಳಿಯಲ್ಲೇ ಉಪ್ಪು, ನೀರು ಎರಡೂ ಇರುತ್ತವೆ. ನಮ್ಮಲ್ಲಿ ಒಣ ಹವೆ. ಮಳೆ ಕಮ್ಮಿ. ಬಾಗಿಲು, ಬಾನೆಟ್ಟು, ಡಿಕ್ಕಿ, ಮಡ್‌ಗಾರ್ಡು ಎಲ್ಲ ಬಡಿದು ನೋಡಿದೆವು, ಗಟ್ಟಿಯಾಗೇ ಇದ್ದವು. ತಗಡಿನ ಮಟ್ಟಿಗೆ ಬಳ್ಳಾರಿ ಬಿಸಿಲು ದೊಡ್ಡ ಉಪಕಾರ ಮಾಡಿತ್ತು. ರಬ್ಬರನ್ನು ಮಾತ್ರ ಒಂದಿಷ್ಟೂ ಉಳಿಸಿರಲಿಲ್ಲ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಬಿಸಿಲಲ್ಲಿ ನಿಂತ ಕಾರಿನ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಆ ಕಾವಿಗೆ ರಬ್ಬರಿನ ಮೆದುತನ ಹೋಗುತ್ತದೆ, ಆಮೇಲೆ ಸೀಳು ಬಿಡುತ್ತದೆ. ರೇಡಿಯೇಟರ್ ಹೋಸು, ಪೆಟ್ರೋಲ್ ಪೈಪು, ಹಿಂದಿನ ಬ್ರೇಕ್ ಡ್ರಮ್ಮಿನ ವೀಲ್ ಸಿಲಿಂಡರ್ ಒಳಗಿನ ರಬ್ಬರ್ ಕಪ್, ಸಸ್ಪೆನ್ಷನ್ ಬುಷ್ಷು, ಯಾವುದೂ ಕೆಲಸಕ್ಕೆ ಬರುವ ಹಾಗಿರಲಿಲ್ಲ. ಮುಂದಿನ ಗಾಜಿನ ಬೀಡಿಂಗ್, ಅಂದರೆ ಗಾಜನ್ನು ಸುತ್ತಲೂ ಹಿಡಿದಿಡುವ ರಬ್ಬರ್ ಪಟ್ಟಿ, ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು.

ಆ ಬೀಡಿಂಗೇ ಎಲ್ಲಕ್ಕೂ ಮೂಲ. ಕಾರ್ಪೆಟ್ ಎತ್ತಿದಾಗ ಡ್ರೈವರ್ ಕಾಲಿನ ಜಾಗದಲ್ಲಿ ನೆಲ ಕಾಣಿಸಿತು. ಕಾರಿನ ನೆಲ ಅಲ್ಲ, ಶೆಡ್ಡಿನ ನೆಲ! ಗಟ್ಟಿ ತಗಡಿನ ಕಾರಿಗೆ ಅಲ್ಲೊಂದೇ ಕಡೆ ಅಂಗೈ ಅಗಲದ ತೂತು. ವರ್ಷಕ್ಕೆ ಬರುವ ನಾಲ್ಕು ಮಳೆಯ ನೀರು ಸೀಳು ಬಿಟ್ಟ ಬೀಡಿಂಗಿನಿಂದ ಇಳಿದು, ಡ್ಯಾಶ್‌ಬೋರ್ಡ್ ಹಿಂದಿನಿಂದ ಬಂದು, ಕಾರ್ಪೆಟ್ಟಿನ ಅಡಿ ನಿಂತಿತ್ತು. ಮೇಲೆ ಎಷ್ಟೇ ಬಿಸಿಲಿದ್ದರೂ ಕಾರ್ಪೆಟ್ಟಿನ ಅಡಿಯ ಗೋಣಿ ಮಾತ್ರ ಒಣಗಿರಲಿಲ್ಲ. ಅಂದರೆ ಬಿಸಿಲು ರಬ್ಬರನ್ನು ತಿಂತು, ರಬ್ಬರು ನೀರನ್ನು ಒಳಗೆ ಬಿಟ್ಟಿತು, ನೀರು ತಗಡನ್ನು ತಿಂತು. ಇದನ್ನು ಬಿಟ್ಟು ಮೇಲೆ ಚೆಂದಗೆ ಪೇಂಟ್ ಹೊಡೆಸಿದರೆ ಏನು ಬಂತು, ಅಲ್ವಾ?

ನೆಲದ ಕೆಲಸ ಕೌಲ್ ಬಜಾರಿನ ಟಿಂಕರಿಂಗ್ ಚಾಚಾ ಮಾಡಿಕೊಟ್ಟರು. ಕೊಳೆತ ಭಾಗವನ್ನು ಗ್ರೈಂಡರಿನಲ್ಲಿ ಕತ್ತರಿಸಿ, ಒಳ್ಳೆ ತಗಡು ಸಿಗುವ ತನಕ ಹಿಂದೆ ಹೋಗಿ, 18 ಗೇಜಿನ ಶೀಟು ಬಡಿದು ಕೂರಿಸಿದರು. ವೆಲ್ಡಿಂಗನ್ನು ಒಂದೇ ಗೆರೆಯಾಗಿ ಎಳೆಯಲಿಲ್ಲ. ಇಲ್ಲೊಂದು ಚುಕ್ಕೆ, ಅತ್ತ ದೂರದಲ್ಲೊಂದು ಚುಕ್ಕೆ, ಆರುವ ತನಕ ಬೀಡಿ. ಒಂದೇ ಕಡೆ ಕಾಯಿಸಿದರೆ ತೆಳು ತಗಡು ಸೊಟ್ಟಗಾಗುತ್ತದೆ.

ಬೀಡಿಂಗ್ ಹುಡುಕಿದ್ದು ಇನ್ನೊಂದು ಕಥೆ. ಈ ಕಾರಿನ ತಯಾರಿಕೆ ನಿಂತುಹೋಗಿ ಇಷ್ಟು ವರ್ಷ ಆದ ಮೇಲೆ ಇಂಜಿನ್ ಸಾಮಾನು ಹೇಗೋ ಸಿಗುತ್ತದೆ, ರಬ್ಬರು ಸಿಗುವುದಿಲ್ಲ. ಸಿಕ್ಕಿದರೂ ಗೋಡೌನಿನಲ್ಲಿ ಕೂತು ಗಟ್ಟಿಯಾಗಿರುತ್ತದೆ. ಕೊನೆಗೆ ಹಳೆ ಬೀಡಿಂಗಿನ ಒಂದು ತುಂಡು ಕೊಯ್ದು ಜೇಬಲ್ಲಿ ಇಟ್ಟುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯಿಂದ ಅಂಗಡಿಗೆ ಆ ತುಂಡಿನ ಕೊಯ್ದ ಬಾಯಿ ತೋರಿಸುತ್ತಾ ಹೋಗಿದ್ದು. ಒಂದು ಬದಿ ಗಾಜಿನ ದಪ್ಪಕ್ಕೆ, ಇನ್ನೊಂದು ಬದಿ ತಗಡಿನ ಅಂಚಿನ ದಪ್ಪಕ್ಕೆ ಸರಿಹೋಗಬೇಕು. ಅಳತೆ ಹೊಂದುವ ರಬ್ಬರು ಮೀಟರ್ ಲೆಕ್ಕದಲ್ಲಿ ಸಿಕ್ಕಿತು. ಮೂಸಿ ನೋಡಿದೆ, ಹೊಸ ರಬ್ಬರಿನ ವಾಸನೆ. ಮಡಚಿ ಬಿಟ್ಟರೆ ಚಟ್ಟನೆ ವಾಪಸ್ಸು ಬಂತು. ಆ ಖುಷಿ ಹೇಳಲಾರೆ.

ಗಾಜು ಕೂರಿಸಿದ್ದು ಒಂದು ಭಾನುವಾರ. ಚಾಚಾ ಬೆಳಿಗ್ಗೆ ಏಳಕ್ಕೇ ಬಂದರು. ಹತ್ತು ಹೊಡೆದ ಮೇಲೆ ಬಾನೆಟ್ ಮೇಲೆ ಕೈ ಇಡಲಾಗುವುದಿಲ್ಲ. ಬಂದವರೇ ಬೀಡಿಂಗನ್ನು ಮಾಳಿಗೆ ಮೇಲೆ ಬಿಸಿಲಿಗೆ ಹಾಕು ಅಂದರು. ಗಾಜು ಮಾತ್ರ ನೆರಳಲ್ಲೇ ಇರಲಿ ಅಂದರು. ಕಾದ ಗಾಜಿಗೆ ತಣ್ಣೀರು ತಾಗಿದರೆ ಬಿರುಕು ಬಿಡಬಹುದು. ರಬ್ಬರಿಗೆ ಎಳೆಬಿಸಿಲು ತಾಗಿದರೆ ಮೆತ್ತಗಾಗಿ ಹೇಳಿದ ಹಾಗೆ ಕೇಳುತ್ತದೆ. ಹಳೆ ರಬ್ಬರನ್ನು ಕೊಂದ ಬಿಸಿಲನ್ನೇ ಚಾಚಾ ಕೆಲಸಕ್ಕೆ ಹಚ್ಚಿದ್ದರು.

ಅಷ್ಟರಲ್ಲಿ ನಾನು ಗಾಜಿನ ಚೌಕಟ್ಟಿನ ಅಂಚನ್ನು ಇನ್ನೊಮ್ಮೆ ಒರೆಸಿದೆ. ಕೆಳಗಿನ ಎರಡು ಮೂಲೆಯ ತುಕ್ಕನ್ನು ಮೊದಲೇ ಎಮರಿ ಪೇಪರಿನಲ್ಲಿ ತಿಕ್ಕಿ ಪ್ರೈಮರ್ ಹೊಡೆದಿದ್ದೆವು. ಬೀಡಿಂಗನ್ನು ಗಾಜಿನ ಸುತ್ತ ತೊಡಿಸಿದೆವು. ಹೊರಬದಿಯ ಸಂದಿಯಲ್ಲಿ, ತಗಡಿನ ಅಂಚು ಬಂದು ಕೂರಬೇಕಾದ ಕಡೆ, ಚಾಚಾ ತೆಳುವಾದ ನೈಲಾನ್ ಹಗ್ಗವನ್ನು ಸುತ್ತಲೂ ತುಂಬಿದರು. ಹಗ್ಗದ ಎರಡು ತುದಿ ಕೆಳಗೆ ನಡುವೆ ಒಂದರ ಮೇಲೊಂದು ಹಾದು ಹೊರಗೆ ಜೋತುಬಿದ್ದವು. ಮೇಲೆ ಸಬ್ಕಾರದ ನೀರು.

ಚಾಚಾ, ನನ್ನ ತಮ್ಮ ಇಬ್ಬರೂ ಹೊರಗಿನಿಂದ ಗಾಜನ್ನು ಎತ್ತಿ ಚೌಕಟ್ಟಿಗೆ ಒರಗಿಸಿದರು. ಹಗ್ಗದ ತುದಿಗಳು ಒಳಗೆ ನನ್ನ ಕೈಗೆ ಬಂದವು. "ನಿಧಾನ ಎಳಿ ತಮ್ಮಾ. ಗಾಜಿನ ನಡು ಕಡೆ ಎಳಿ, ನಿನ್ನ ಕಡೆ ಎಳೀಬ್ಯಾಡ" ಅಂದರು ಚಾಚಾ. ಎಳೆದೆ. ಹಗ್ಗ ಬಿಚ್ಚಿಕೊಳ್ಳುತ್ತಾ ಬಂದ ಹಾಗೆ ರಬ್ಬರಿನ ತುಟಿ ಮಗುಚಿ ತಗಡಿನ ಅಂಚನ್ನು ಕಚ್ಚಿಕೊಂಡು ಕೂತಿತು. ಪಟ್, ಪಟ್ ಅಂತ ಸಣ್ಣ ಸದ್ದು. ನಾನು ಎಲ್ಲಿ ಎಳೆಯುತ್ತಿದ್ದೆನೋ ಅಲ್ಲೇ ಹೊರಗಿನಿಂದ ಚಾಚಾ ಅಂಗೈಯಲ್ಲಿ ಒತ್ತುತ್ತಿದ್ದರು. ಕೆಳಗಿನ ಅಂಚು ಸಲೀಸಾಗಿ ಹೋಯಿತು. ಎಡ ಮೂಲೆಯಲ್ಲಿ ಹಗ್ಗ ನಿಂತಿತು. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಲು ಕೈ ಬಿಡುವಂತಿರಲಿಲ್ಲ. "ಗಾಜಿಗೆ ಜೋರು ಮಾಡಬಾರದು" ಅಂತ ಚಾಚಾ ಇನ್ನಷ್ಟು ಸಬ್ಕಾರದ ನೀರು ಹಾಕಿ, ಮೂಲೆಯ ಮೇಲೆ ಎರಡೂ ಅಂಗೈ ಊರಿ ಸುಮ್ನೆ ನಿಂತರು. ಗುದ್ದಲಿಲ್ಲ. ಸ್ವಲ್ಪ ಹೊತ್ತಿಗೆ ರಬ್ಬರು ತಾನೇ ಸರಿಯಿತು. ಹಗ್ಗ ಮುಂದಕ್ಕೆ ಓಡಿತು. ನಲವತ್ತು ವರ್ಷದ ಕೈ ಅದು. ಅಂಥ ಕೆಲಸ ನೋಡುವುದೇ ಒಂದು ಭಾಗ್ಯ.

ಮೇಲಿನ ಅಂಚು ಮುಗಿದು ಹಗ್ಗ ಪೂರ್ತಿ ನನ್ನ ಮಡಿಲಿಗೆ ಬಿತ್ತು. ದೊಡ್ಡಮ್ಮ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟಿದ್ದರು. ನಾವು ತಿನ್ನುತ್ತಾ ಇರುವಾಗಲೇ ದೊಡ್ಡಪ್ಪ ಮನೆಯಿಂದ ಪೈಪು ಎಳೆದುಕೊಂಡು ಬಂದರು. ಸುತ್ತಲೂ ನೀರು ಬಿಟ್ಟರು. ಮೊದಲು ಮೂಲೆಗೆ, ಆಮೇಲೆ ಕೆಳಗಿನ ಅಂಚಿಗೆ, ತಿರುಗಿ ಮೂಲೆಗೆ. ನಾನು ಒಳಗೆ ಕೂತು ಹೊಸ ತಗಡಿನ ಮೇಲೆ ಹಳೆ ಪೇಪರ್ ಹಾಸಿ, ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಅಡಿ ನೋಡುತ್ತಿದ್ದೆ. ಒಂದು ಹನಿಯೂ ಇಳಿಯಲಿಲ್ಲ. ಪೇಪರ್ ಎತ್ತಿ ತೋರಿಸಿದೆ. ದೊಡ್ಡಪ್ಪ ಅದನ್ನು ಕೈಯಲ್ಲಿ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದರು.

"ಹಿಂದಿನ ಗಾಜು ಯಾವಾಗ?" ಅಂದರು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಕಾರು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅಲ್ಲಿಗೆ ಇದನ್ನು ಓಡಿಸಿಕೊಂಡೇ ಹೋಗಬೇಕು ಅನ್ನುವುದು ದೊಡ್ಡಪ್ಪನ ಹಟ. ಅದಕ್ಕೆ ಮೊದಲು ಹಿಂದಿನ ಗಾಜು, ನಾಲ್ಕು ಬಾಗಿಲಿನ ಬೀಡಿಂಗು, ಬ್ರೇಕಿನ ಕಪ್ಪುಗಳು ಆಗಬೇಕು. ಜೆ.ಸಿ. ರಸ್ತೆಯಿಂದ ತಂದ ರಬ್ಬರಿನಲ್ಲಿ ಹಿಂದಿನ ಗಾಜಿಗೆ ಆಗುವಷ್ಟು ಉಳಿದಿತ್ತು. ಮುಂದಿನ ಭಾನುವಾರ ಏಳಕ್ಕೇ ಬರುತ್ತೀನಿ ಅಂತ ಹೇಳಿ ಚಾಚಾ ಹೊರಟರು.