ಹಿಟ್ಟಿನ ಕೋಳಿ, ಟೀವಿ ಮತ್ತು ನಮ್ಮ ಮಾವ

2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಗುಂಡಿನ ಕಾಳಗ ನಡೆದ ಆ ನಾಲ್ಕು ದಿನ ನಾನು ಚನ್ನರಾಯಪಟ್ಟಣದ ಹತ್ತಿರ ಸೋದರಮಾವನ ಮನೆಯಲ್ಲಿದ್ದೆ. ಸುಮ್ನೆ ಹಲಸಿನಹಣ್ಣು ತಿನ್ನೋಕೆ ಅಂತ ಹೋದವನು. ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ, ಆಮೇಲೆ ಮಲಗುವ ತನಕ ಉಳಿಯುವುದು ಟೀವಿ ಒಂದೇ. ಮೇ 8ರ ರಾತ್ರಿ ಟೀವಿಯಲ್ಲಿ ಸೈರನ್ ಮೇಲೆ ಸೈರನ್. ಕರಾಚಿ ಬಂದರು ಹೊತ್ತಿ ಉರೀತಿದೆ ಅಂತ ಹಲವು ಚಾನೆಲ್‌ಗಳು ಕೂಗುತ್ತಿದ್ದವು. ಅದು ಸುಳ್ಳು ಅಂತ ಆಮೇಲೆ ಗೊತ್ತಾಯಿತು, ಬಿಡಿ. ಆದರೆ ಆ ಹೊತ್ತಿಗೆ ನಾವೆಲ್ಲ ನಂಬಿದ್ದೆವು. ಮಾವನ ಏಳು ವರ್ಷದ ಮೊಮ್ಮಗ ಸೋಫಾ ಮೇಲೆ ಹತ್ತಿ ಕುಣಿಯುತ್ತಿದ್ದ. ನಾನೂ ಮೊಬೈಲ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಬೆಂಕಿಯ ವಿಡಿಯೋ ಒಂದನ್ನು ಕಳಿಸಿ, ಕೆಳಗೆ ‘ಒಬ್ಬರನ್ನೂ ಬಿಡಬಾರದು’ ಅಂತ ಬರೆದೆ.

ಮಾವ ಎದ್ದು ಒಳಗೆ ಹೋದರು.

ನೀರು ಕುಡಿಯೋಕೆ ಹೋದೆ, ಅವರು ಅಡುಗೆಮನೆಯಲ್ಲಿ ನೀರು ಸೋಸುತ್ತಾ ನಿಂತಿದ್ದರು. ಇದು ಅವರ ದಿನದ ಕೆಲಸ. ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹೊದಿಸಿ ನಿಧಾನಕ್ಕೆ ನೀರು ಹುಯ್ಯುತ್ತಾರೆ. ಆಮೇಲೆ ಬಟ್ಟೆ ತಿರುವಿ, ಸೋಸಿದ ನೀರಿನಲ್ಲೇ ಅದನ್ನು ಜಾಲಿಸಿ, ಆ ನೀರನ್ನು ಹಿತ್ತಲ ತೊಟ್ಟಿಗೆ ವಾಪಸ್ ಹಾಕುತ್ತಾರೆ. ಬಟ್ಟೆಗೆ ಸಿಕ್ಕಿಕೊಂಡ ಕಣ್ಣಿಗೆ ಕಾಣದ ಜೀವಗಳು ಎಲ್ಲಿಂದ ಬಂದವೋ ಅಲ್ಲಿಗೇ ಹೋಗಲಿ ಅಂತ. ಅಜ್ಜಿ ಕಾಲದಲ್ಲಿ ಬಾವಿಗೆ ಬಿಡುತ್ತಿದ್ದರು. ಬಾವಿ ಬತ್ತಿ ಎಷ್ಟೋ ವರ್ಷ ಆಯಿತು, ಈಗ ಬೋರ್‌ವೆಲ್ ನೀರು, ಆದರೂ ಮಾವ ತೊಟ್ಟಿಯ ತನಕ ನಡೆದು ಹೋಗಿಯೇ ಹಾಕುವುದು.

ಈ ಮಾವ ಫಿರಂಗಿ ದಳದಲ್ಲಿದ್ದವರು. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿ ಬೋಫೋರ್ಸ್ ತೋಪಿನ ಜೊತೆ ಇದ್ದರು. ಅದರ ಒಂದೊಂದು ಗುಂಡು 40 ಕಿಲೋಗಿಂತ ಜಾಸ್ತಿ. ಅದನ್ನು ಎತ್ತಿ ಎತ್ತಿ ಬಲಗಡೆ ಭುಜ ಹೋಗಿದೆ, ಈಗಲೂ ಕೊಡ ಎತ್ತಬೇಕಾದರೆ ಎಡಗೈ. ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ, ‘ಮಾವ, ನೀವು ಎಷ್ಟು ಜನರನ್ನ ಹೊಡೆದ್ರಿ?’ ಅಂತ. ಬೈತಾರೇನೋ ಅಂದುಕೊಂಡಿದ್ದೆ, ಬೈಯಲಿಲ್ಲ. ‘ನಮಗೆ ಕಾಣಲ್ಲ ಕಣೋ. ಇಷ್ಟು ಡಿಗ್ರಿ ಅಂತ ಮುಂದಿನವರು ಹೇಳ್ತಾರೆ, ನಾವು ತುಂಬ್ತೀವಿ, ಬಿಡ್ತೀವಿ. ಗುಡ್ಡದ ಮೇಲೆ ಹೊಗೆ ಕಾಣುತ್ತೆ, ಜನ ಕಾಣಲ್ಲ’ ಅಂದರು. ಅಷ್ಟೇ. ಅದಾದ ಮೇಲೆ ಆ ಮಾತು ನಾನೂ ಎತ್ತಿಲ್ಲ, ಅವರೂ ಎತ್ತಿಲ್ಲ.

ನೀರಿನಲ್ಲಿರುವ ಹುಳ ಸಾಯಬಾರದು ಅಂತ ಬಟ್ಟೆ ಜಾಲಿಸುವ ಮನುಷ್ಯ ತೋಪು ಹೇಗೆ ಹಾರಿಸಿದ? ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮ ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ. ಮಾವ ಸೈನ್ಯಕ್ಕೆ ಸೇರಿದಾಗ ಅಜ್ಜಿ ಮೂರು ದಿನ ಅತ್ತಿದ್ದು ನಿಜ, ಆದರೆ ಅದು ಅಲ್ಲಿ ಮೊಟ್ಟೆ ತಿನ್ನಿಸ್ತಾರೆ, ರಾತ್ರಿ ಊಟ ಹಾಕ್ತಾರೆ ಅಂತ! ಸಸ್ಯಾಹಾರಿಗಳಿಗೆ ಬೇರೆ ಅಡುಗೆ ಮಾಡ್ತಾರೆ ಅಂತ ಕಾಗದ ಬಂದ ಮೇಲೆ ಸಮಾಧಾನ ಆಯಿತಂತೆ. ಕೊಲ್ಲುವ ವಿಷಯದ ಲೆಕ್ಕ ಅಜ್ಜಿಯ ಹತ್ತಿರ ಮೊದಲೇ ಇತ್ತು. ಜೈನರಲ್ಲಿ ಹಿಂಸೆಯನ್ನು ನಾಲ್ಕು ಥರ ಮಾಡುತ್ತಾರೆ: ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ. ಅಜ್ಜಿ ಹೇಳುತ್ತಿದ್ದ ರೀತಿಯಲ್ಲೇ ಹೇಳಿಬಿಡುತ್ತೇನೆ. ಒಲೆ ಹಚ್ಚಿದಾಗ, ಮನೆ ಗುಡಿಸಿದಾಗ ಸಾಯುವ ಇರುವೆ ಒಂದು. ಹೊಲ ಉತ್ತಾಗ ಸಾಯುವ ಹುಳ ಒಂದು. ಮನೆಗೆ ನುಗ್ಗಿದವನನ್ನು ಹೊಡೆದರೆ ಅದೊಂದು. ಕೊಲ್ಲಬೇಕು ಅಂತ ಮನಸ್ಸು ಮಾಡಿ ಕೊಲ್ಲುವುದು ಇನ್ನೊಂದು. ಮುನಿಗಳು ನಾಲ್ಕನ್ನೂ ಬಿಡಬೇಕು. ಸಂಸಾರ ಮಾಡುವವರಿಂದ ಮೊದಲ ಮೂರನ್ನು ಪೂರ್ತಿ ಬಿಡೋಕೆ ಆಗಲ್ಲ, ಕಮ್ಮಿ ಮಾಡ್ಕೋಬೇಕು ಅಷ್ಟೇ. ಆದರೆ ನಾಲ್ಕನೆಯದಕ್ಕೆ ಯಾರಿಗೂ ಮಾಫಿ ಇಲ್ಲ. ಇನ್ನೊಂದು ಮಾತನ್ನೂ ಅಜ್ಜಿ ಸೇರಿಸುತ್ತಿದ್ದರು: ಬೇರೆ ದಾರಿ ಇರಲಿಲ್ಲ ಅಂದ ಮಾತ್ರಕ್ಕೆ ಕರ್ಮ ಅಂಟದೆ ಬಿಡಲ್ಲ.

ಈ ಕೊನೆಯ ಮಾತು ನನಗೆ ಅರ್ಥ ಆಗಿದ್ದು ನಮ್ಮ ಜಿಲ್ಲೆಯ ಕಲ್ಲುಗಳನ್ನು ನೋಡುತ್ತಾ ಓಡಾಡುವ ಚಟ ಹತ್ತಿದ ಮೇಲೆ.

ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಗೊತ್ತಲ್ಲ, ಸುಮಾರು 450ರದ್ದು, ಕನ್ನಡದ ಮೊದಲ ಶಾಸನ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದು. ಅದರಲ್ಲಿ ಏನಿದೆ ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ. ಯುದ್ಧದಲ್ಲಿ ಹೋರಾಡಿದ ವಿಜಅರಸ ಅನ್ನುವವನಿಗೆ ಪಲ್ಮಿಡಿ, ಮೂಳಿವಳ್ಳಿ ಅನ್ನುವ ಎರಡು ಊರುಗಳನ್ನು ‘ಬಾಳ್ಗಳ್ಚು’ ಅಂತ ಕೊಟ್ಟ ದಾಖಲೆ ಅದು. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆಯುವುದು. ಕತ್ತಿ ತೊಳೆದು ಕೊಟ್ಟ ದಾನ! ನಮ್ಮ ಭಾಷೆ ಕಲ್ಲಿನ ಮೇಲೆ ಬಾಯಿ ಬಿಟ್ಟ ಮೊದಮೊದಲ ಮಾತುಗಳಲ್ಲೇ ರಕ್ತ ತೊಳೆದ ನೀರಿದೆ.

ವೀರಗಲ್ಲುಗಳಂತೂ ನಮ್ಮ ಕಡೆ ಹೊಲದ ಬದು, ಕೆರೆ ಏರಿ, ಬಸ್ ಸ್ಟ್ಯಾಂಡ್ ಹಿಂದೆ, ಎಲ್ಲೆಂದರಲ್ಲಿ. ಮಾವನ ಊರಿನ ಒಂದು ವೀರಗಲ್ಲಿನ ಮೇಲೆ ಬಹಳ ವರ್ಷ ಬಟ್ಟೆ ಒಗೆಯುತ್ತಿದ್ದರು, ಹೀಗಾಗಿ ಕೆಳಗಿನ ಪಟ್ಟಿಯ ಯುದ್ಧ ಪೂರ್ತಿ ಸವೆದಿದೆ, ಕುದುರೆಯ ಕಾಲು ಮಾತ್ರ ಉಳಿದಿದೆ. ಮಧ್ಯದಲ್ಲಿ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ, ಮೇಲೆ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ಎಷ್ಟೋ ವೀರಗಲ್ಲುಗಳ ಮೇಲೆ ಒಂದೇ ಶ್ಲೋಕ ಮತ್ತೆ ಮತ್ತೆ ಬರುತ್ತದೆ: ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’. ಗೆದ್ದರೆ ಸಿರಿ, ಸತ್ತರೆ ದೇವಲೋಕದ ಹೆಣ್ಣು. ಕ್ಷಣದಲ್ಲಿ ಹೋಗುವ ಈ ಮೈಗೆ ಯುದ್ಧದಲ್ಲಿ ಸಾಯುವ ಚಿಂತೆ ಯಾಕೆ ಅಂತ ಮುಂದಿನ ಸಾಲು. ಗೀತೆಯಲ್ಲಿ ಕೃಷ್ಣ ಅರ್ಜುನನಿಗೆ ಹೇಳುವುದೂ ಹೆಚ್ಚುಕಮ್ಮಿ ಇದೇ ಅಲ್ವಾ. ಈ ಲೆಕ್ಕದಲ್ಲಿ ಸತ್ತವನ ಖಾತೆ ಅಲ್ಲಿಗೆ ಚುಕ್ತಾ. ಅವನ ಕೈಯಲ್ಲಿ ಸತ್ತವರ ಲೆಕ್ಕ ಕಲ್ಲಿನ ಮೇಲೆ ಎಲ್ಲೂ ಕಾಣುವುದಿಲ್ಲ, ಕುದುರೆಯ ಕಾಲ ಕೆಳಗೆ ಬಿದ್ದ ಸಣ್ಣ ಗೊಂಬೆಗಳಾಗಿ ಇದ್ದರೆ ಉಂಟು.

ಶ್ರವಣಬೆಳಗೊಳಕ್ಕೆ ಬಂದರೆ ಲೆಕ್ಕ ಬೇರೆ ಥರ. ಯುದ್ಧ ಮಾಡಿದವರು ಇಲ್ಲೂ ಇದ್ದಾರೆ, ಜಾಸ್ತಿಯೇ ಇದ್ದಾರೆ. ಗಂಡನ ಜೊತೆ ಯುದ್ಧಕ್ಕೆ ಹೋಗಿ ಸತ್ತ ಸಾವಿಯಬ್ಬೆ ಅನ್ನುವ ಜೈನ ಹೆಂಗಸಿನ ವೀರಗಲ್ಲು ಇದೆ. ಅದರಲ್ಲಿ ಅವಳು ಕುದುರೆ ಹತ್ತಿ, ಕತ್ತಿ ಎತ್ತಿ, ಆನೆ ಮೇಲಿರುವವನಿಗೆ ಎದುರಾಗಿದ್ದಾಳೆ. 981ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೇ ಗಂಗರ ಸೇನಾಪತಿ. ರಣರಂಗಸಿಂಗ, ವೈರಿಕುಲಕಾಲದಂಡ ಅಂತೆಲ್ಲ ಅವನ ಬಿರುದುಗಳು. ಅವನ ದೊರೆ ಮಾರಸಿಂಹನ ಬಿರುದು ನೊಳಂಬಕುಲಾಂತಕ, ಅಂದರೆ ನೊಳಂಬರ ಕುಲವನ್ನೇ ಮುಗಿಸಿದವನು. ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಮೇಲೆ ಅವನು ಗೆದ್ದ ಯುದ್ಧಗಳ ಪಟ್ಟಿಯೇ ಇದೆ. ಆದರೆ ಪಟ್ಟಿ ಮುಗಿಯುವುದು ಸ್ವರ್ಗದ ಹೆಣ್ಣಿನಲ್ಲಲ್ಲ. ಮಾರಸಿಂಹ ರಾಜ್ಯ ಬಿಟ್ಟು, ಬಂಕಾಪುರಕ್ಕೆ ಹೋಗಿ, ಅಜಿತಸೇನ ಭಟ್ಟಾರಕರ ಮುಂದೆ ಅನ್ನ ನೀರು ಬಿಟ್ಟು ಸಲ್ಲೇಖನದಲ್ಲಿ ಸತ್ತ. ಯುದ್ಧದಲ್ಲಿ ಪುಣ್ಯ ಬಂದಿದೆ ಅಂತ ನಂಬಿದವನು ಹೀಗೆ ಮಾಡುತ್ತಿದ್ದನಾ? ನನಗೇನೋ ಅವನು ಕೊನೆಗೆ ಸಾಲ ತೀರಿಸೋಕೆ ಕೂತವನ ಹಾಗೆ ಕಾಣುತ್ತಾನೆ.

ಅಂತ ಹೇಳಿ ನಮ್ಮವರನ್ನು ಹೊಗಳೋಕೆ ಹೊರಟಿಲ್ಲ. ವಿರೋಧೀ ಹಿಂಸೆ ಅನ್ನುವುದು ದೊಡ್ಡ ಬಾಗಿಲು, ಆನೆ ಸಮೇತ ಒಳಗೆ ಬರಬಹುದು. ಮನೆಗೆ ನುಗ್ಗಿದವನನ್ನು ಹೊಡೆಯಬಹುದು ಅಂತ ಅಜ್ಜಿ ಹೇಳಿದ್ದೇನೋ ಸರಿ, ಆದರೆ ನೊಳಂಬರೇನು ಮಾರಸಿಂಹನ ಮನೆಗೆ ಕಳ್ಳತನಕ್ಕೆ ಬಂದಿದ್ದರಾ? ಯಾವ ದೊರೆಯನ್ನು ಕೇಳಿದರೂ ನಾನು ಕಾಪಾಡೋಕೆ ಹೋಗಿದ್ದೆ ಅಂತಲೇ ಹೇಳುತ್ತಾನೆ. ಇಂಥ ಪ್ರಶ್ನೆಗಳನ್ನು ನಾವು ಕೇಳುವುದೂ ಇಲ್ಲ. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಮೊದಲು ‘ಕಳಬೇಡ ಕೊಲಬೇಡ’ ಹಾಡಿಸಿದ್ದರು, ಆಮೇಲೆ ಒನಕೆ ಓಬವ್ವನ ನಾಟಕ. ಓಬವ್ವ ಕಿಂಡಿಯಿಂದ ತಲೆ ಹಾಕಿದ ಒಬ್ಬೊಬ್ಬ ಸಿಪಾಯಿಗೂ ಒನಕೆಯಲ್ಲಿ ಕೊಟ್ಟಾಗ ನಾವು ಎಣಿಸಿ ಎಣಿಸಿ ಚಪ್ಪಾಳೆ ಹೊಡೆದಿದ್ದೆವು. ನಾನು ಆರನೆಯ ಹೆಣ ಆಗಿದ್ದೆ. ಒನಕೆ ನಿಜವಾಗಿಯೂ ತಾಗಿ ಹಣೆ ಊದಿಕೊಂಡಿತ್ತು. ಓಬವ್ವ ಮಾಡಿದ್ದು ತಪ್ಪು ಅಂತ ನಾನು ಇವತ್ತೂ ಹೇಳಲ್ಲ. ಆ ಎಣಿಕೆಯ ಖುಷಿ ಇದೆಯಲ್ಲ, ಅದು ನನಗೆ ಈಗ ಸರಿ ಕಾಣುತ್ತಿಲ್ಲ.

ಗೊಮ್ಮಟನ ಕಥೆಯಲ್ಲೂ ನನಗೆ ಇಷ್ಟವಾದವರು ಭರತನೂ ಅಲ್ಲ, ಬಾಹುಬಲಿಯೂ ಅಲ್ಲ, ಮಧ್ಯೆ ಬಂದ ಮಂತ್ರಿಗಳು. ಎರಡೂ ಸೈನ್ಯ ಎದುರುಬದುರು ನಿಂತಾಗ ಅವರು ಯೋಚನೆ ಮಾಡಿದರಂತೆ: ಅಣ್ಣತಮ್ಮ ಇಬ್ಬರಿಗೂ ಇದೇ ಕೊನೆಯ ಜನ್ಮ, ಮೋಕ್ಷಕ್ಕೆ ಹೋಗುವವರು, ಇವರಿಗೆ ಏನೂ ಆಗಲ್ಲ. ಸಾಯುವುದು ಸೈನಿಕರು ಮಾತ್ರ. ಹಾಗಾಗಿ ನೀವಿಬ್ಬರೇ ಆಡಿಕೊಳ್ಳಿ ಅಂತ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಅಂತ ಮೂರು ಪಂದ್ಯ ಇಟ್ಟರು. ಎಷ್ಟು ವ್ಯವಹಾರದ ಮಾತು ನೋಡಿ! ಬಾಹುಬಲಿಗೆ ವೈರಾಗ್ಯ ಬರುವ ಮೊದಲೇ ಆ ದಿನ ಸಾವಿರಾರು ಮನೆಗಳ ಗಂಡಸರು ಬದುಕಿದರು. ಆ ಮಂತ್ರಿಗಳ ಹೆಸರಲ್ಲಿ ಯಾವ ಬೆಟ್ಟದ ಮೇಲೂ ಮೂರ್ತಿ ಇಲ್ಲ.

ಇನ್ನು ಆ ನಾಲ್ಕನೆಯ ಹಿಂಸೆ. ಅದಕ್ಕೆ ಅಜ್ಜಿ ಹೇಳುತ್ತಿದ್ದ ಕಥೆ ಯಶೋಧರನದು. ಜನ್ನ 1209ರಲ್ಲಿ ಇದನ್ನು ಕಾವ್ಯ ಮಾಡಿದ, ಅಜ್ಜಿಗೆ ಅದು ಬಾಯಿಪಾಠದ ಕಥೆ. ಯಶೋಧರ ರಾಜನಿಗೆ ಕೆಟ್ಟ ಕನಸು ಬಿತ್ತು ಅಂತ ಅವನ ತಾಯಿ ದೇವಿಗೆ ಬಲಿ ಕೊಡು ಅನ್ನುತ್ತಾಳೆ. ಇವನು ಜೀವಬಲಿ ಆಗಲ್ಲ ಅನ್ನುತ್ತಾನೆ. ಕೊನೆಗೆ ಇಬ್ಬರಿಗೂ ಒಪ್ಪಿಗೆ ಆಗುವ ಹಾಗೆ ಹಿಟ್ಟಿನಲ್ಲಿ ಕೋಳಿ ಮಾಡಿಸಿ ಕಡಿಯುತ್ತಾರೆ. ಕಡಿದ ಕೂಡಲೇ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಆಮೇಲೆ ತಾಯಿ ಮಗ ಇಬ್ಬರೂ ಜನ್ಮ ಜನ್ಮ ನವಿಲು, ನಾಯಿ ಅಂತ ಹುಟ್ಟಿ, ಕೆಲವು ಸಲ ಒಬ್ಬರ ಕೈಲಿ ಒಬ್ಬರೇ, ಸಾಯುತ್ತಾ ಹೋಗುತ್ತಾರೆ. ಚಿಕ್ಕವನಿದ್ದಾಗ ನನಗೆ ಇದು ದೊಡ್ಡ ಅನ್ಯಾಯ ಅನಿಸುತ್ತಿತ್ತು. ಹಿಟ್ಟು ತಾನೇ, ಏನಾಯ್ತೀಗ? ‘ಹಿಟ್ಟಿಗೆ ಏನೂ ಆಗ್ಲಿಲ್ಲ. ಕತ್ತಿ ಎತ್ತಿದಾಗ ಅವನ ಮನಸ್ಸಲ್ಲಿ ಇದ್ದಿದ್ದು ಹಿಟ್ಟಲ್ಲ, ಕೋಳಿ’ ಅನ್ನುತ್ತಿದ್ದರು ಅಜ್ಜಿ. ತಮಾಷೆ ಅಂದರೆ ಜನ್ನ ಹೊಯ್ಸಳರ ಆಸ್ಥಾನದಲ್ಲಿ ಬರೀ ಕವಿ ಅಲ್ಲ, ದಂಡಾಧೀಶನೂ ಹೌದು. ದಂಡು ನಡೆಸುವ ಅಧಿಕಾರ ಇದ್ದವನು ಕೂತು ಹಿಟ್ಟಿನ ಕೋಳಿಯ ಪಾಪದ ಬಗ್ಗೆ ಬರೆದಿದ್ದಾನೆ.

ಅವತ್ತು ಅಡುಗೆಮನೆಯಲ್ಲಿ ಮಾವ ಬಟ್ಟೆ ಜಾಲಿಸುತ್ತಾ ನನ್ನ ಮೊಬೈಲ್ ಕಡೆ ಒಮ್ಮೆ ನೋಡಿದರು. ಗ್ರೂಪಿನಲ್ಲಿ ಅವರೂ ಇದ್ದಾರಲ್ಲ. ಏನೂ ಅನ್ನಲಿಲ್ಲ. ‘ಆ ಲೋಟ ಇಲ್ಲಿ ಕೊಡು, ಸೋಸಿದ್ದು ಕೊಡ್ತೀನಿ’ ಅಂದರು. ನನಗೆ ಥಟ್ಟನೆ ಈ ಕೋಳಿ ನೆನಪಾಯಿತು. ಇಷ್ಟು ವರ್ಷದಲ್ಲಿ ನಾನು ಬೇಕು ಅಂತ ಒಂದು ಜಿರಳೆ ಕೊಂದಿಲ್ಲ. ಮಾವ ಬಿಟ್ಟ ಗುಂಡುಗಳು ಎಷ್ಟು ಜನರ ಮೇಲೆ ಬಿದ್ದವೋ ಅವರಿಗೇ ಗೊತ್ತಿಲ್ಲ. ಆದರೆ ‘ಒಬ್ಬರನ್ನೂ ಬಿಡಬಾರದು’ ಅಂತ ಅವರು ಹೇಳಿದ್ದನ್ನು ನಾನು ಯಾವತ್ತೂ ಕೇಳಿಲ್ಲ. ಬರೆದವನು ನಾನು, ಹೊಟ್ಟೆ ತುಂಬಾ ಹಲಸಿನಹಣ್ಣು ತಿಂದು ಸೋಫಾ ಮೇಲೆ ಕೂತು. ಅದಕ್ಕೆ ಮುಂಚೆ ಏಪ್ರಿಲ್‌ನಲ್ಲಿ ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದಿದ್ದರು, ಶಿವಮೊಗ್ಗದಿಂದ ಹೆಂಡತಿ ಮಗನ ಜೊತೆ ಹೋದವರೂ ಅದರಲ್ಲಿದ್ದರು, ಸಿಟ್ಟು ಬಂದಿದ್ದು ತಪ್ಪಲ್ಲ. ಸರ್ಕಾರ ಸುಮ್ಮನೆ ಕೂರಬೇಕಿತ್ತು ಅಂತಲೂ ನಾನು ಹೇಳುತ್ತಿಲ್ಲ. ಆದರೆ ಆ ವಿಡಿಯೋ ಕಳಿಸುವಾಗ ನನಗೆ ಇದ್ದದ್ದು ಸಿಟ್ಟಲ್ಲ, ಖುಷಿ. ವಾರ್ಷಿಕೋತ್ಸವದಲ್ಲಿ ಹೆಣ ಎಣಿಸಿದೆವಲ್ಲ, ಅದೇ ಖುಷಿ. ಮೆಸೇಜ್ ಅಳಿಸಿದೆ. ಅಷ್ಟರಲ್ಲಿ ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದ್ದರು.

ಮೇ 10ರ ಸಂಜೆ ಕದನ ನಿಂತಿತು ಅಂತ ಸುದ್ದಿ ಬಂತು. ಗ್ರೂಪಿನಲ್ಲಿ ಎಲ್ಲರಿಗೂ ಬೇಜಾರು, ಯಾಕೆ ನಿಲ್ಲಿಸಿದರು, ಪೂರ್ತಿ ಮುಗಿಸಬೇಕಿತ್ತು ಅಂತ. ನಾನು ಓದಿ ಹೇಳುತ್ತಿದ್ದೆ. ಮಾವ ಕನ್ನಡಕ ತೆಗೆದು, ‘ನಿಲ್ಲಿಸಿದ್ರಾ? ನಿಜವಾಗ್ಲೂ ನಿಲ್ಲಿಸಿದ್ರಾ?’ ಅಂತ ಎರಡು ಸಲ ಕೇಳಿದರು. ಆಮೇಲೆ ತಮ್ಮ ಹಳೇ ಡೈರಿ ತಂದು ಒಂದು ನಂಬರ್ ತೋರಿಸಿ ಹಚ್ಚಿ ಕೊಡು ಅಂದರು. ಜೊತೆಗೆ ದ್ರಾಸ್‌ನಲ್ಲಿದ್ದವರು, ಧಾರವಾಡ ಕಡೆಯವರು. ಅವರ ಮಗ ಈಗ ಜಮ್ಮು ಹತ್ತಿರ ಗಡಿಯಲ್ಲಿದ್ದಾನಂತೆ, ಎರಡು ದಿನದಿಂದ ಫೋನ್ ಸಿಕ್ಕಿರಲಿಲ್ಲವಂತೆ.

ಆ ಕಡೆ ಎತ್ತಿದರು. ಮಾವ ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ‘ಹೌದಾ? ಅವನೇ ಮಾತಾಡಿದ್ನಾ? ಊಟ ಮಾಡಿದ್ನಂತಾ?’ ಅಂದರು. ಮೊಮ್ಮಗನಿಗೆ ಟೀವಿ ಸೌಂಡ್ ಕಮ್ಮಿ ಮಾಡು ಅಂತ ಕೈಸನ್ನೆ ಮಾಡಿ, ಫೋನ್ ಹಿಡಿದುಕೊಂಡು ಹಿತ್ತಲಿಗೆ ಹೋದರು.