ಕೆರ್ರಿಯಿಂದ ಕೋಟಕ್ಕೆ ಬಂದ ಸ್ಟಾರ್ ವಾರ್ಸ್

ಐರ್ಲೆಂಡಿಗೆ ಬರುವ ತನಕ ನಾನು ಸ್ಟಾರ್ ವಾರ್ಸ್ ನೋಡಿರಲಿಲ್ಲ. ಈಗ ಸರಣಿಯ ಒಂಬತ್ತೂ ಸಿನಿಮಾ ನೋಡಿದ್ದೇನೆ, ಮೊದಲ ಮೂರನ್ನು ಮತ್ತೆ ಮತ್ತೆ ನೋಡಿದ್ದೇನೆ. ಊರಿನ ಗೆಳತಿಯರು ಫೋನಿನಲ್ಲಿ ಕೇಳುತ್ತಾರೆ, "ಅಷ್ಟು ಹಳೇ ಸಿನಿಮಾ ಅಲ್ವಾ, ಅದರಲ್ಲಿ ಅಂಥದ್ದೆಂತ ಉಂಟು?" ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಯಕ್ಷಗಾನ ನೋಡಿ ಬೆಳೆದವರಿಗೆ ಈ ಸಿನಿಮಾ ಬೇಗ ಹತ್ತಿರವಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಕಥೆಯ ಗುಟ್ಟುಗಳನ್ನೂ ಹೇಳಿಬಿಡುತ್ತೇನೆ. ಗುಟ್ಟು ಗೊತ್ತಾದರೆ ನೋಡುವ ಖುಷಿ ಹೋಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ನಾನಿರುವುದು ಐರ್ಲೆಂಡಿನ ನೈಋತ್ಯ ಮೂಲೆಯ ಕೆರ್ರಿ ಎಂಬ ಕಡೆ. ಅಲ್ಲಿನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸ. ಮೇ 4 ಬಂತೆಂದರೆ ಡ್ಯೂಟಿಗೆ ಬಂದವರು ಒಬ್ಬರಿಗೊಬ್ಬರು ಸ್ಟಾರ್ ವಾರ್ಸ್ ಹಾರೈಕೆ ಹೇಳಿಕೊಳ್ಳುತ್ತಾರೆ; ಸಿನಿಮಾದ 'ಮೇ ದ ಫೋರ್ಸ್ ಬಿ ವಿತ್ ಯೂ' ಎಂಬ ಮಾತಿಗೆ 'ಮೇ ದ ಫೋರ್ತ್' ಪ್ರಾಸವಾಗುತ್ತದಲ್ಲ, ಅದಕ್ಕೆ. ನಮ್ಮ ಸಿಎನ್‌ಎಂ, ಅಂದರೆ ವಾರ್ಡನ್ನು ನೋಡಿಕೊಳ್ಳುವ ಹಿರಿಯ ನರ್ಸ್, ಈ ಸರಣಿಯ ದೊಡ್ಡ ಅಭಿಮಾನಿ. ನಾನು ಒಂದನ್ನೂ ನೋಡಿಲ್ಲ ಎಂದು ಗೊತ್ತಾದ ವಾರವೇ ಮನೆಗೆ ಊಟಕ್ಕೆ ಕರೆದು, ಊಟ ಆದ ಮೇಲೆ 1977ರ ಮೊದಲ ಸಿನಿಮಾ ಹಾಕಿದರು.

ಕೆರ್ರಿಯವರಿಗೆ ಈ ಸರಣಿಯ ಮೇಲೆ ಸ್ವಲ್ಪ ಜಾಸ್ತಿಯೇ ಪ್ರೀತಿ. ಅದಕ್ಕೆ ಕಾರಣ ಇದೆ. ಇಲ್ಲಿನ ಪೋರ್ಟ್‌ಮ್ಯಾಗೀ ಎಂಬ ಸಣ್ಣ ಊರಿನಿಂದ ದೋಣಿಯಲ್ಲಿ ಹೋದರೆ ಸಮುದ್ರದ ಮಧ್ಯೆ ಸ್ಕೆಲಿಗ್ ಮೈಕಲ್ ಎಂಬ ಕಲ್ಲಿನ ದ್ವೀಪ ಸಿಗುತ್ತದೆ. ದಡದಿಂದ ಸುಮಾರು 12 ಕಿಲೋಮೀಟರ್. ನೂರಾರು ವರ್ಷಗಳ ಹಿಂದೆ ಕ್ರೈಸ್ತ ಸನ್ಯಾಸಿಗಳು ಅಲ್ಲಿ ಮಠ ಕಟ್ಟಿಕೊಂಡು ಬದುಕಿದ್ದರು. ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಅವರ ಗುಡಿಸಲುಗಳು ಇವತ್ತಿಗೂ ನಿಂತಿವೆ. ಮೇಲೆ ಹೋಗಲು ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. 1996ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣ ಎಂದು ಗುರುತಿಸಿತು. 2015ರ ಸಿನಿಮಾದ ಕೊನೆಯಲ್ಲಿ ಹುಡುಗಿಯೊಬ್ಬಳು ಮೊದಲ ಸಿನಿಮಾಗಳ ನಾಯಕ, ಈಗ ಮುದುಕನಾದ ಲ್ಯೂಕ್‌ನನ್ನು ಹುಡುಕಿಕೊಂಡು ಕಲ್ಲಿನ ಮೆಟ್ಟಿಲು ಹತ್ತುತ್ತಾಳಲ್ಲ, ಅದು ಇದೇ ದ್ವೀಪ. 2017ರ ಸಿನಿಮಾದ ಚಿತ್ರೀಕರಣವೂ ಇಲ್ಲಿ ನಡೆಯಿತು. ಬೇಸಿಗೆಯಲ್ಲಿ ದ್ವೀಪದ ತುಂಬ ಪಫಿನ್ ಹಕ್ಕಿಗಳು. ಅವುಗಳನ್ನು ಓಡಿಸುವ ಹಾಗಿಲ್ಲ, ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಮಾಡುವುದೂ ಕಷ್ಟ. ಹಾಗಾಗಿ ಸಿನಿಮಾದವರು ಆ ಹಕ್ಕಿಯನ್ನು ನೋಡಿಕೊಂಡೇ ಪೋರ್ಗ್ ಎಂಬ ಹೊಸ ಪ್ರಾಣಿಯನ್ನು ಕಥೆಗೆ ಸೇರಿಸಿದರು. ನನಗೆ ಈ ಸಂಗತಿ ತುಂಬ ಇಷ್ಟ.

ಆ ದ್ವೀಪಕ್ಕೆ ನಾನೂ ಹೋಗಿ ಬಂದೆ. ಮಳೆಗಾಲದಲ್ಲಿ ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿ ನಿಲ್ಲಿಸುತ್ತಾರಲ್ಲ, ಇಲ್ಲಿ ಚಳಿಗಾಲಕ್ಕೆ ನಿಲ್ಲಿಸುತ್ತಾರೆ. ಬೇಸಿಗೆಯಲ್ಲೂ ಸಮುದ್ರ ಒಪ್ಪಿದ ದಿನ ಮಾತ್ರ ಇಳಿಯಲು ಬಿಡುತ್ತಾರೆ.

ಇನ್ನು ಸಿನಿಮಾದ ಮಾತು. ಮೊದಲನೆಯದು ಅಮೆರಿಕದಲ್ಲಿ ತೆರೆಗೆ ಬಂದದ್ದು 1977ರ ಮೇ 25ರಂದು. ನಮ್ಮ ಕಡೆ ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತು ಅದು. ಬರೆದು ನಿರ್ದೇಶಿಸಿದವರು ಜಾರ್ಜ್ ಲ್ಯೂಕಾಸ್. ಮರಳುಗಾಡಿನ ಗ್ರಹದಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಹತ್ತಿರ ಬೆಳೆದ ಲ್ಯೂಕ್ ಎಂಬ ಹುಡುಗ, ಸೆರೆ ಸಿಕ್ಕಿದ ರಾಜಕುಮಾರಿ ಲೇಯಾ, ಗುರುವಾಗಿ ಬರುವ ಒಬ್ಬ ಮುದುಕ, ಕಪ್ಪು ಮುಖವಾಡದ ಖಳ ಡಾರ್ತ್ ವೇಡರ್. ಕಥೆ ಇಷ್ಟು ಸರಳ. ಇದರಲ್ಲಿ ವಿಜ್ಞಾನ ಕಡಿಮೆ, ಪುರಾಣ ಜಾಸ್ತಿ.

ವೇಡರ್ ಬರುವ ರೀತಿ ನೋಡಿ. ಬಿಳೀ ಗೋಡೆಯ ಹಡಗು. ಬಾಗಿಲು ಸಿಡಿಯುತ್ತದೆ, ಹೊಗೆ ತುಂಬುತ್ತದೆ. ಸೈನಿಕರು ನುಗ್ಗಿ ಗುಂಡು ಹಾರಿಸಿ ದಾರಿ ಮಾಡುತ್ತಾರೆ. ಆಮೇಲೆ ಆ ಹೊಗೆಯೊಳಗಿಂದ ಕಪ್ಪು ಆಕಾರ ನಿಧಾನಕ್ಕೆ ಹೆಜ್ಜೆ ಇಡುತ್ತದೆ. ಉಸಿರಿನ ಸದ್ದು ಕೇಳುತ್ತದೆ. ನಮ್ಮ ಬಣ್ಣದ ವೇಷದ ಒಡ್ಡೋಲಗ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾ? ತೆರೆಯ ಹಿಂದೆ ಆರ್ಭಟ, ಚಂಡೆಯ ಅಬ್ಬರ, ಮುಖ ಕಂಡೂ ಕಾಣದ ಹಾಗೆ ಆಟ, ಕೊನೆಗೆ ಪೂರ್ತಿ ವೇಷ. ಮೊದಲ ಸಿನಿಮಾದಲ್ಲಿ ವೇಡರ್ ತೆರೆಯ ಮೇಲೆ ಇರುವುದು ಸ್ವಲ್ಪ ಹೊತ್ತು ಮಾತ್ರ. ಆದರೂ ಇಡೀ ಸಿನಿಮಾ ಅವನದೇ ಅನಿಸುತ್ತದೆ.

ಆ ಒಂದು ವೇಷಕ್ಕೆ ಎಷ್ಟು ಜನ ದುಡಿದರು ಎಂದು ತಿಳಿದಾಗ ಗೌರವ ಇನ್ನೂ ಹೆಚ್ಚಾಯಿತು. ದಿರಿಸಿನ ಒಳಗಿದ್ದವರು ಬ್ರಿಸ್ಟಲ್‌ನ ಡೇವಿಡ್ ಪ್ರೌಸ್, ಆಳೆತ್ತರಕ್ಕಿಂತ ಎತ್ತರದ ದೇಹದಾರ್ಢ್ಯ ಪಟು. ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದ್ದು. 1980 ಮತ್ತು 1983ರ ಸಿನಿಮಾಗಳ ಕತ್ತಿಕಾಳಗದಲ್ಲಿ ಆ ಮುಖವಾಡ ಹಾಕಿಕೊಂಡವರು ಬಾಬ್ ಆಂಡರ್ಸನ್, ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರವಾಗಿ ಫೆನ್ಸಿಂಗ್ ಆಡಿದವರು. ಕೊನೆಗೆ ಮುಖವಾಡ ತೆಗೆದಾಗ ಕಾಣುವ ಮುಖ ಸೆಬಾಸ್ಟಿಯನ್ ಶಾ ಎಂಬ ಹಿರಿಯ ನಟರದ್ದು. ಆ ಉಸಿರಿನ ಸದ್ದನ್ನು ಹುಡುಕಿಕೊಟ್ಟವರು ಬೆನ್ ಬರ್ಟ್. ನೀರಿನೊಳಗೆ ಮುಳುಗುವವರು ಉಸಿರಾಡಲು ಬಾಯಿಗೆ ಇಟ್ಟುಕೊಳ್ಳುವ ಸಾಧನದೊಳಗೆ ಮೈಕ್ ಇಟ್ಟು ಅದನ್ನು ಹಿಡಿದರಂತೆ. ಬೆಳಕಿನ ಕತ್ತಿಯ ಗುಂಯ್‌ಗುಟ್ಟುವಿಕೆಯೂ ಅವರದ್ದೇ. ಹಳೇ ಪ್ರೊಜೆಕ್ಟರಿನ ಮೋಟರ್ ಸದ್ದಿಗೆ ಟಿವಿಯ ಹತ್ತಿರ ಮೈಕ್ ಹಿಡಿದಾಗ ಬರುವ ಗುಂಗನ್ನು ಸೇರಿಸಿದ್ದು. ಶತ್ರುಗಳ ಸಣ್ಣ ವಿಮಾನ ಕಿರುಚುತ್ತ ಹಾರುತ್ತದಲ್ಲ, ಅದು ಆನೆಯ ಘೀಳು ಮತ್ತು ಒದ್ದೆ ರಸ್ತೆಯಲ್ಲಿ ಕಾರು ಓಡುವ ಸದ್ದು.

ಕಳೆದ ಮಳೆಗಾಲ ರಜೆಗೆ ಕೋಟದ ಮನೆಗೆ ಬಂದಾಗ ಈ ಸರಣಿಯನ್ನು ಮನೆಯವರಿಗೆಲ್ಲ ತೋರಿಸಬೇಕು ಅಂತ ಮೊದಲೇ ಯೋಚಿಸಿದ್ದೆ. ತಮ್ಮ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿಕೊಟ್ಟ. ಹೊರಗೆ ಮಳೆ, ಗದ್ದೆಯಲ್ಲಿ ನೀರು, ಆಗಾಗ ಕರೆಂಟ್ ಹೋಗುವುದು. ಅಮ್ಮ ಒಳಗೆ ಹೊರಗೆ ಓಡಾಡುತ್ತ ನೋಡಿದರು. ಪೂರ್ತಿ ಮನಸ್ಸು ಕೊಟ್ಟು ನೋಡಿದವರು ಅಜ್ಜಯ್ಯ. ಬಡಗುತಿಟ್ಟಿನ ಯಕ್ಷಗಾನದ ಆಟ ಅಂದರೆ ಜೀವ ಅವರಿಗೆ. ಮೇಳ ಹೊರಟಿರುವ ತಿಂಗಳುಗಳಾಗಿದ್ದರೆ ರಾತ್ರಿ ಟಿವಿ ಮುಂದೆ ಸಿಗುತ್ತಲೇ ಇರಲಿಲ್ಲ.

ಅವರಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತ ಹೋದೆ. ಸ್ವಲ್ಪ ಹೊತ್ತಿಗೆ ಅವರೇ, "ಸಾಕು, ಸುಮ್ನೆ ಕೂತ್ಕೋ, ಗೊತ್ತಾಗ್ತದೆ" ಎಂದರು. ನಿಜಕ್ಕೂ ಗೊತ್ತಾಗುತ್ತಿತ್ತು. ಎರಡು ಯಂತ್ರಮಾನವರು ಜಗಳ ಆಡುತ್ತ ಮರಳಿನಲ್ಲಿ ನಡೆದು ಬಂದಾಗ "ಹಾಸ್ಯಗಾರರು" ಎಂದು ಗುರುತಿಸಿಬಿಟ್ಟರು. ಆ ಇಬ್ಬರ ಕಣ್ಣಿನಿಂದ ಕಥೆ ಶುರು ಮಾಡುವ ಉಪಾಯವನ್ನು ಲ್ಯೂಕಾಸ್ ಪಡೆದದ್ದು ಅಕಿರಾ ಕುರೊಸಾವಾ ಅವರ 1958ರ ಜಪಾನಿ ಸಿನಿಮಾ 'ದಿ ಹಿಡನ್ ಫೋರ್ಟ್ರೆಸ್'ನಿಂದ. ಅಲ್ಲಿ ಇಬ್ಬರು ಬಡ ರೈತರು ಹೀಗೇ ಕಚ್ಚಾಡುತ್ತ ಬರುತ್ತಾರೆ.

ಮಾರನೇ ರಾತ್ರಿ 1980ರದ್ದು ಹಾಕಿದೆವು. ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ನಿರ್ದೇಶಕರು ಇರ್ವಿನ್ ಕೆರ್ಶ್ನರ್. ವೇಡರ್ ಬಂದಾಗಲೆಲ್ಲ ಕೇಳುವ ಆ ಹೆಸರಾಂತ ನಡಿಗೆ ಸಂಗೀತ ಮೊದಲ ಸಿನಿಮಾದಲ್ಲಿ ಇಲ್ಲ, ಜಾನ್ ವಿಲಿಯಮ್ಸ್ ಅದನ್ನು ಕೊಟ್ಟದ್ದು ಇದರಲ್ಲಿ. ಕೊನೆಯ ಕಾಳಗದಲ್ಲಿ ವೇಡರ್ ಲ್ಯೂಕ್‌ನ ಕೈ ಕಡಿಯುತ್ತಾನೆ. ತಪ್ಪಿಸಿಕೊಳ್ಳಲು ದಾರಿ ಇಲ್ಲದೆ ಲ್ಯೂಕ್ ಒಂದು ಕಂಬಕ್ಕೆ ಅಂಟಿಕೊಂಡಿರುವಾಗ, ನಾನೇ ನಿನ್ನ ಅಪ್ಪ ಎನ್ನುತ್ತಾನೆ. ಇದು ಜಗತ್ತಿಗೆಲ್ಲ ಗೊತ್ತಿರುವ ಗುಟ್ಟು. ನಾನೂ ಕೇಳಿಯೇ ನೋಡಿದ್ದೆ. ಆದರೆ ಆಗ ಅದನ್ನು ಕಾಪಾಡಲು ಪಟ್ಟ ಕಷ್ಟ ಕೇಳಿ. ಚಿತ್ರೀಕರಣದಲ್ಲಿ ಪ್ರೌಸ್ ಬಾಯಲ್ಲಿ ಹೇಳಿಸಿದ್ದು ಬೇರೆಯೇ ಮಾತು, ನಿನ್ನ ಅಪ್ಪನನ್ನು ಕೊಂದವನು ನಿನ್ನ ಗುರು ಎಂದು. ನಿಜವಾದ ಮಾತನ್ನು ಲ್ಯೂಕ್ ಪಾತ್ರದ ಮಾರ್ಕ್ ಹ್ಯಾಮಿಲ್‌ಗೆ ನಿರ್ದೇಶಕರು ಗುಟ್ಟಾಗಿ ತಿಳಿಸಿದ್ದರು. ಆಮೇಲೆ ದನಿ ಕೊಡುವಾಗ ಸರಿಯಾದ ಮಾತನ್ನು ಸೇರಿಸಿದರು.

ಕಥೆ ಗೊತ್ತಿದ್ದೂ ನನಗೆ ಆ ದೃಶ್ಯದಲ್ಲಿ ಎದೆ ಹಿಡಿದ ಹಾಗಾಗಿತ್ತು. ಬಬ್ರುವಾಹನ ಕಾಳಗದಲ್ಲಿ ಅರ್ಜುನ ಬೀಳುತ್ತಾನೆ ಎಂದು ಗೊತ್ತಿಲ್ಲದ ಒಬ್ಬನಾದರೂ ಆಟಕ್ಕೆ ಬರುತ್ತಾನಾ? ಎಲ್ಲರಿಗೂ ಗೊತ್ತು. ಆದರೂ ನಿದ್ದೆಗೆಟ್ಟು ಕೂರುತ್ತೇವೆ. ಇವತ್ತಿನ ವೇಷಧಾರಿ ಅದನ್ನು ಹೇಗೆ ಆಡುತ್ತಾನೆ ಎಂದು ನೋಡಬೇಕು, ಅಷ್ಟೇ. ಸ್ಟಾರ್ ವಾರ್ಸ್ ತಡವಾಗಿ ನೋಡುವವರು ಹೆದರಬೇಕಾಗಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಅಜ್ಜಯ್ಯನಿಗೂ ಬಬ್ರುವಾಹನನೇ ನೆನಪಾಗಿದ್ದ. ಆದರೆ ಅವರು ಕಂಡದ್ದು ಎರಡರ ನಡುವಿನ ವ್ಯತ್ಯಾಸವನ್ನು. "ಅಲ್ಲಿ ಮಗ ಕಾಲಿಗೆ ಬೀಳ್ತಾನೆ, ಅಪ್ಪ ನೀನು ನನ್ನ ಮಗ ಅಲ್ಲ ಅಂತ ಒದೀತಾನೆ. ಇಲ್ಲಿ ಅಪ್ಪನೇ ಕೈ ಚಾಚ್ತಾನೆ, ಮಗ ಒಲ್ಲೆ ಅಂತಾನೆ" ಎಂದರು. ನಾನು ಎಷ್ಟು ಸಲ ನೋಡಿದರೂ ಹೊಳೆಯದ ಮಾತು ಇದು. ಲ್ಯೂಕ್ ಅಪ್ಪನ ಕೈ ಹಿಡಿಯುವುದಿಲ್ಲ, ಕೆಳಗಿನ ಪಾತಾಳಕ್ಕೆ ಜಿಗಿಯುತ್ತಾನೆ. ಅಜ್ಜಯ್ಯನ ಇನ್ನೊಂದು ದೂರು, ಇಷ್ಟು ದೊಡ್ಡ ಸನ್ನಿವೇಶಕ್ಕೆ ಮಾತು ತೀರಾ ಕಡಿಮೆಯಾಯಿತು ಎಂದು. ಒಳ್ಳೇ ಅರ್ಥಧಾರಿಗೆ ಕೊಟ್ಟಿದ್ದರೆ ಅರ್ಧ ಗಂಟೆ ಬೆಳೆಸುತ್ತಿದ್ದ ಎಂದರು.

ಆಮೇಲೆ ಕೇಳಿದರು, "ಎಲ್ಲ ಸರಿ ಮಾರಾಯ್ತಿ, ಇವನ ತಾಯಿ ಎಲ್ಲಿ?"

ಬಬ್ರುವಾಹನನ ಕಥೆಯಲ್ಲಿ ಚಿತ್ರಾಂಗದೆ ಇದ್ದಾಳೆ. ಗಂಡನಿಗೂ ಮಗನಿಗೂ ನಡುವೆ ಸುಡುವವಳು ಅವಳು. ಅವಳಿಲ್ಲದೆ ಆ ಪ್ರಸಂಗವೇ ಇಲ್ಲ. ಇಲ್ಲಿ ಮೊದಲ ಮೂರು ಸಿನಿಮಾಗಳಲ್ಲಿ ತಾಯಿ ಕಾಣುವುದೇ ಇಲ್ಲ. 1983ರದ್ದರಲ್ಲಿ ಒಂದೇ ಒಂದು ಕಡೆ ಲ್ಯೂಕ್ ಲೇಯಾಳನ್ನು ಕೇಳುತ್ತಾನೆ, ನಿನ್ನ ಹೆತ್ತ ತಾಯಿ ನಿನಗೆ ನೆನಪಿದ್ದಾಳಾ ಎಂದು. ಸ್ವಲ್ಪ ನೆನಪು, ತುಂಬ ಚೆಂದ ಇದ್ದಳು, ಆದರೆ ದುಃಖ ಇತ್ತು, ನಾನು ತೀರಾ ಚಿಕ್ಕವಳಿದ್ದಾಗ ಹೋದಳು ಎನ್ನುತ್ತಾಳೆ ಅವಳು. ಇಬ್ಬರೂ ಅವಳಿ ಮಕ್ಕಳು ಎಂದು ನಮಗೆ ತಿಳಿಯುವುದೂ ಅದೇ ಸಿನಿಮಾದಲ್ಲಿ.

ಅಜ್ಜಯ್ಯನ ಪ್ರಶ್ನೆಗೆ ಉತ್ತರ ಬೇಕಾದರೆ 1999, 2002 ಮತ್ತು 2005ರ ಸಿನಿಮಾಗಳಿಗೆ ಹೋಗಬೇಕು. ಅವು ಹಿಂದಿನ ಕಥೆ ಹೇಳುತ್ತವೆ, ಒಳ್ಳೆಯ ಹುಡುಗ ಅನಾಕಿನ್ ಹೇಗೆ ವೇಡರ್ ಆದ ಎಂದು. ಕೆರ್ರಿಯ ಗೆಳತಿಯರು, ಅವು ಬೇಡ ಬಿಡು ಎಂದಿದ್ದರು. ಮಾತುಗಳು ಒಣಗಿವೆ ಎಂಬುದು ನಿಜ. 2002ರದ್ದರ ಪ್ರೇಮದ ದೃಶ್ಯಗಳು ನನಗೂ ಹಿಡಿಸಲಿಲ್ಲ. ಆದರೆ 2005ರ ಸಿನಿಮಾ ಬಿಡಬೇಡಿ. ಹೆಂಡತಿ ಪದ್ಮೆ ಹೆರಿಗೆಯಲ್ಲಿ ಸಾಯುವಂತೆ ಅನಾಕಿನ್‌ಗೆ ಕನಸು ಬೀಳುತ್ತದೆ. ಅವಳನ್ನು ಉಳಿಸಿಕೊಳ್ಳಬೇಕು ಎಂಬ ಹಟದಲ್ಲೇ ಅವನು ಕೆಟ್ಟವರ ಕಡೆ ಸೇರುತ್ತಾನೆ. ಕೊನೆಗೆ ಸಿಟ್ಟಿನಲ್ಲಿ ಬಸುರಿ ಹೆಂಡತಿಯ ಕುತ್ತಿಗೆಯನ್ನು ಮುಟ್ಟದೆಯೇ ಹಿಸುಕುತ್ತಾನೆ. ಅವಳು ಅವಳಿ ಮಕ್ಕಳನ್ನು ಹೆತ್ತು ಸಾಯುತ್ತಾಳೆ.

ಇಲ್ಲಿ ನನಗೆ ಒಂದು ತಕರಾರಿದೆ, ಅದನ್ನು ಹೇಳಲೇಬೇಕು. ಹೆರಿಗೆ ಮಾಡಿಸುವ ಯಂತ್ರ ವೈದ್ಯ, ದೇಹದಲ್ಲಿ ಏನೂ ತೊಂದರೆ ಇಲ್ಲ, ಬದುಕುವ ಆಸೆಯೇ ಹೋಗಿದೆ, ಅದಕ್ಕೆ ಸಾಯುತ್ತಿದ್ದಾಳೆ ಎನ್ನುತ್ತದೆ. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಈ ಮಾತು ಚುಚ್ಚಿತು. ಕುತ್ತಿಗೆ ಹಿಸುಕಿಸಿಕೊಂಡ ಬಸುರಿಗೆ ಹೊರಗೆ ಗಾಯ ಕಾಣದಿದ್ದರೂ ಒಳಗೆ ಊತ ಬರಬಹುದು, ಗಂಟೆಗಳ ನಂತರವೂ ಉಸಿರು ಕಟ್ಟಬಹುದು. ಅವಳಿ ಹೆರಿಗೆ ಆದವರಲ್ಲಿ ರಕ್ತಸ್ರಾವದ ಅಪಾಯ ಜಾಸ್ತಿ. ಜಗತ್ತಿನಾದ್ಯಂತ ಬಾಣಂತಿಯರ ಸಾವಿಗೆ ದೊಡ್ಡ ಕಾರಣವೇ ಹೆರಿಗೆಯ ನಂತರದ ರಕ್ತಸ್ರಾವ. ಇಷ್ಟೆಲ್ಲ ಇರುವಾಗ, ಅವಳಿಗೇ ಬದುಕಲು ಮನಸ್ಸಿರಲಿಲ್ಲ ಎಂದು ಬಿಟ್ಟುಬಿಡುವುದು ಅನ್ಯಾಯ. ನಮ್ಮ ಊರುಗಳಲ್ಲೂ ಹಿಂದೆ ಬಾಣಂತಿ ಸತ್ತರೆ ಅವಳ ಹಣೆಬರಹ ಎಂದು ಸುಮ್ಮನಾಗುತ್ತಿದ್ದರು. ನಕ್ಷತ್ರಗಳ ನಡುವೆ ಹಡಗು ಓಡಿಸುವವರೂ ಅದನ್ನೇ ಹೇಳಬೇಕಾ? ಸಾಲದ್ದಕ್ಕೆ, ಲೇಯಾಗೆ ತಾಯಿಯ ನೆನಪಿದೆ ಎಂದು 1983ರಲ್ಲಿ ಹೇಳಿದ್ದಕ್ಕೂ ಇದು ಹೊಂದುವುದಿಲ್ಲ.

ಅಜ್ಜಯ್ಯ ಈ ಭಾಗವನ್ನು ನೋಡಿ ತುಂಬ ಹೊತ್ತು ಅನಾಕಿನ್‌ನ ಬಗ್ಗೆಯೇ ಮಾತಾಡಿದರು. ಉಳಿಸಲು ಹೊರಟವನ ಕೈಯಿಂದಲೇ ಹೋದಳಲ್ಲ ಎಂಬುದು ಅವರ ಸಂಕಟ. ಅದಾದ ಮೇಲೆ 1983ರದ್ದನ್ನು ನೋಡಿದಾಗ ಅದು ನಮಗೆ ಬೇರೆಯೇ ಆಗಿ ಕಂಡಿತು. ಕೊನೆಗೆ ಲ್ಯೂಕ್ ಕತ್ತಿ ಬಿಸಾಡುತ್ತಾನೆ, ಅಪ್ಪನನ್ನು ಕೊಲ್ಲಲು ಒಪ್ಪುವುದಿಲ್ಲ. ವೇಡರ್‌ನ ಒಡೆಯನಾದ ಚಕ್ರವರ್ತಿ ಲ್ಯೂಕ್‌ನನ್ನು ಸುಡುವಾಗ ವೇಡರ್ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಿರುಗುತ್ತಾನೆ. ಮುಖವಾಡದಲ್ಲಿ ಏನೂ ಬದಲಾಗುವುದಿಲ್ಲ, ತಲೆ ಮಾತ್ರ ಅಲ್ಲಾಡುತ್ತದೆ. ಹೆಂಡತಿಯನ್ನು ಉಳಿಸಿಕೊಳ್ಳಲಾರದವನು ಅವಳ ಮಗನನ್ನು ಉಳಿಸುತ್ತಾನೆ. ಹಿಂದಿನ ಕಥೆ ನೋಡಿರದಿದ್ದರೆ ಅಲ್ಲಿ ನಮಗೆ ಪದ್ಮೆ ನೆನಪಾಗುತ್ತಲೇ ಇರಲಿಲ್ಲ. ಬಬ್ರುವಾಹನನ ಕಥೆಯಲ್ಲಿ ಉಲೂಪಿಯ ಮಣಿಯಿಂದ ಅರ್ಜುನ ಎದ್ದು ಕೂರುತ್ತಾನೆ. ವೇಡರ್‌ಗೆ ಆ ಮಣಿ ಇಲ್ಲ. ಮಗನ ಮುಖವನ್ನು ಬರಿಗಣ್ಣಿನಿಂದ ಒಮ್ಮೆ ನೋಡಿ ಪ್ರಾಣ ಬಿಡುತ್ತಾನೆ.

2015ರಿಂದ ಬಂದ ಮೂರರ ಬಗ್ಗೆ ಹೆಚ್ಚು ಹೇಳುವುದಿಲ್ಲ. 2017ರದ್ದು ಧೈರ್ಯದ ಸಿನಿಮಾ, ಅದರಲ್ಲಿ ಸೋತು ಕೂತ ಲ್ಯೂಕ್‌ನನ್ನು ಮಾರ್ಕ್ ಹ್ಯಾಮಿಲ್ ಬಹಳ ಚೆನ್ನಾಗಿ ಆಡಿದ್ದಾರೆ. 2019ರದ್ದು ಅವಸರದಲ್ಲಿ ಓಡುತ್ತದೆ.

ಊರಲ್ಲಿ ಹೊಸದಾಗಿ ನೋಡುವವರಿಗೆ ನಾನು ಹೇಳುವ ಕ್ರಮ ಇದು. 1977ರದ್ದು, ಆಮೇಲೆ 1980ರದ್ದು. ಅಲ್ಲಿ ನಿಲ್ಲಿಸಿ ಹಿಂದಿನ ಕಥೆಯ ಮೂರನ್ನು ನೋಡಿ, ಪುರುಸೊತ್ತಿಲ್ಲದಿದ್ದರೆ 2005ರದ್ದನ್ನಾದರೂ ನೋಡಿ. ಆಮೇಲೆ 1983ರದ್ದು. ಸಣ್ಣ ಮಕ್ಕಳು ಜೊತೆಗಿದ್ದರೆ 2005ರದ್ದನ್ನು ಅವರು ಮಲಗಿದ ಮೇಲೆ ಹಾಕಿ, ಅದರಲ್ಲಿ ಮಕ್ಕಳನ್ನು ಕೊಲ್ಲುವ ದೃಶ್ಯ ಬರುತ್ತದೆ. ಮನೆಯಲ್ಲಿ ಇಂಗ್ಲಿಷ್ ಬಾರದ ಹಿರಿಯರಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಶುರುವಿನಲ್ಲಿ ಮೇಲಕ್ಕೆ ಹರಿದುಹೋಗುವ ಬರಹವನ್ನು ಮಾತ್ರ ಕನ್ನಡದಲ್ಲಿ ಓದಿ ಹೇಳಿ. ಉಳಿದದ್ದು ಅವರಿಗೆ ಗೊತ್ತಾಗುತ್ತದೆ.